ಕೊಬ್ಬರಿ ತಕ್ಕಡಿಯಲ್ಲಿ ಕೂಸುಗಳು

ಊರಿಗೆ ಒಳ್ಳೆಯದು ಮಾಡಬೇಕೆಂದು ಹೊರಟವರನ್ನು ಕಂಡರೆ ನನಗೆ ಈಗಲೂ ಭಯ. ಕೇಡು ಮಾಡುವವರಾದರೆ ಅವರು ಬರುವ ದಾರಿ ಬಿಟ್ಟು ಇನ್ನೊಂದು ದಾರಿ ಹಿಡಿಯಬಹುದು. ಒಳ್ಳೆಯದು ಮಾಡುವವರು ಹಾಗಲ್ಲ, ಮನೆ ಬಾಗಿಲಿಗೇ ಬಂದು, ಕಾಫಿ ಕುಡಿದು, "ತಾವೂ ಕೈ ಜೋಡಿಸಬೇಕು" ಎನ್ನುತ್ತಾರೆ. ಕೈ ಜೋಡಿಸಿ, ನಮಸ್ಕಾರ ಮಾಡಿ, ಕಳಿಸಿಬಿಡುವ ಜಾಣತನ ನನಗೆ ಮೂವತ್ತನೆಯ ವಯಸ್ಸಿನಲ್ಲಿ ಇರಲಿಲ್ಲ. ಎಪ್ಪತ್ತರ ದಶಕದ ಕೊನೆಯ ಮಾತು. ತೆಂಗಿನ ಸೀಮೆಯ ನಮ್ಮ ಪುಟ್ಟ ಊರಿಗೊಂದು ಪುರಸಭೆ, ಪುರಸಭೆಗೊಂದು ಹೈಸ್ಕೂಲು, ಹೈಸ್ಕೂಲಿಗೆ ನಾನೊಬ್ಬ ಗಣಿತದ ಮೇಷ್ಟ್ರು. ಊರಿನ ಹೆಸರು ಹೇಳುವುದಿಲ್ಲ. ಅಲ್ಲಿಯವರಿಗೆ ಓದಲು ಬರುತ್ತದೆ. ನನ್ನ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಆಗಬೇಕಾದರೆ ಪುರಸಭೆಯ ಅಧ್ಯಕ್ಷರು ಒಂದು ರುಜು ಹಾಕಬೇಕಿತ್ತು.

ಅಧ್ಯಕ್ಷರು ಕೊಬ್ಬರಿ ಮಂಡಿಯ ಶಿವಲಿಂಗಪ್ಪನವರು. ಯಾವುದೋ ದೊಡ್ಡ ನಗರಕ್ಕೆ ಹೋಗಿಬಂದವರು, ಅಲ್ಲಿ ನಗರಸಭೆಯವರು ಜನರಿಗಾಗಿ ಏನೇನೋ ಕಾರ್ಯಕ್ರಮ ಮಾಡುತ್ತಾರೆಂದು ಕಂಡು, ನಮ್ಮೂರೂ ಒಂದು ವಾರದಲ್ಲಿ ಉದ್ಧಾರವಾಗತಕ್ಕದ್ದು ಎಂದು ತೀರ್ಮಾನಿಸಿದರು. ಸೋಮವಾರ ಸಸಿ ನೆಡುವುದು. ಸುತ್ತ ಹತ್ತು ಮೈಲಿ ತೆಂಗಿನ ತೋಟವೇ ಇರುವ ಊರಿನಲ್ಲಿ ಹಸಿರಿನ ಮಹತ್ವ ಕುರಿತು ಒಂದೂವರೆ ಗಂಟೆ ಭಾಷಣವಾಯಿತು. ಭಾಷಣ ಮುಗಿಯುವವರೆಗೂ ಕಾಯುವಷ್ಟು ಸೌಜನ್ಯ ಮೇಕೆಗಳಿಗೆ ಇರಲಿಲ್ಲ. ಮಂಗಳವಾರ ನೈರ್ಮಲ್ಯ ಮೆರವಣಿಗೆ. ಚರಂಡಿ ಸ್ವಚ್ಛವಾಗಿಡಿ ಎಂದು ಅಚ್ಚು ಹಾಕಿಸಿದ ಕರಪತ್ರಗಳನ್ನು ಬೀದಿಬೀದಿಯಲ್ಲಿ ಹಂಚಿದರು. ಸಂಜೆಯ ಹೊತ್ತಿಗೆ ಅವೆಲ್ಲ ಚರಂಡಿಯಲ್ಲಿದ್ದವು. ಬುಧವಾರ ಆರೋಗ್ಯವಂತ ಶಿಶು ಸ್ಪರ್ಧೆ. ಅದಕ್ಕೆ ತೀರ್ಪುಗಾರನಾಗಿ ನಾನು.

ಲೇಡಿ ಡಾಕ್ಟರು ತೀರ್ಪು ಕೊಡಬೇಕಿತ್ತು. ಅಧ್ಯಕ್ಷರ ಮೊಮ್ಮಗನೂ ಸ್ಪರ್ಧೆಯಲ್ಲಿದ್ದಾನೆಂದು ತಿಳಿದ ಕೂಡಲೇ ಆಕೆಗೆ ಜ್ವರ ಬಂದು, ಆಕೆ ರಜೆ ಹಾಕಿದರು. ಅಷ್ಟು ಓದಿದವರಿಗೆ ಅಷ್ಟು ಬುದ್ಧಿ ಇರಲೇಬೇಕು. "ತೂಕ, ಅಂಕಿ ಎಲ್ಲ ನಿಮ್ಮ ವಿಷಯವೇ ಅಲ್ಲವೇ ಮೇಷ್ಟ್ರೇ" ಎಂದು ಅಧ್ಯಕ್ಷರು ಹೇಳಿದಾಗ ನಾನು ಹಿಗ್ಗಿದೆ. ಮನೆಗೆ ಬಂದು ಹೇಳಿದರೆ ನನ್ನ ಹೆಂಡತಿ ಸರ್ವಮಂಗಳ ಹಿಗ್ಗಲಿಲ್ಲ. "ಬಹುಮಾನ ಒಂದು ಮಗೂಗೆ, ಬೈಗುಳ ಉಳಿದ ತಾಯಂದಿರದೆಲ್ಲ ನಿಮಗೆ. ನಿಮಗೂ ಜ್ವರ ಬರಬಾರದಾಗಿತ್ತೇನ್ರೀ" ಎಂದಳು.

ಪುರಸಭೆಯ ಮೈದಾನದಲ್ಲಿ ಗರಿಯ ಚಪ್ಪರ ಹಾಕಿದ್ದರು. ಸುತ್ತಲ ಹಳ್ಳಿಗಳಿಂದ ಕೊಬ್ಬರಿ ಮಾರಲು ಬಂದಿದ್ದ ಬೆಳೆಗಾರರೂ ಸೇರಿ ಜನ ಕಿಕ್ಕಿರಿದಿದ್ದರು. ಆಸ್ಪತ್ರೆಯ ತೂಕದ ಯಂತ್ರ ಕೆಟ್ಟಿದ್ದರಿಂದ ಅಧ್ಯಕ್ಷರ ಮಂಡಿಯ ದೊಡ್ಡ ತಕ್ಕಡಿಯನ್ನೇ ತಂದು ತೂಗುಹಾಕಿದ್ದರು. ತಕ್ಕಡಿಯ ಜೊತೆಗೆ ಮೂವತ್ತು ವರ್ಷದಿಂದ ಅದನ್ನು ಹಿಡಿದಿದ್ದ ತೂಕದ ಗಂಗಣ್ಣನೂ ಬಂದಿದ್ದ. ತಟ್ಟೆಗೆ ಹೊಸ ದುಪ್ಪಟಿ ಹಾಸಿ, ಮೊದಲ ಮಗುವನ್ನು ಕೂರಿಸಿ, ಅಭ್ಯಾಸಬಲದಿಂದ "ಲಾಭ" ಎಂದು ಕೂಗಿದ. ಮಂಡಿಯಲ್ಲಿ ಎಣಿಸುವಾಗ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಮೂರು ಹೆಣ್ಣಿನ ಮೇಲೆ ನಾಲ್ಕನೆಯದೂ ಹೆಣ್ಣು ಹೆತ್ತಿದ್ದ ಆ ತಾಯಿಯ ಮುಖ ಅರಳಿತು. ಆ ಕೂಸನ್ನು ಯಾರಾದರೂ ಲಾಭ ಎಂದದ್ದು ಅದೇ ಮೊದಲಿರಬೇಕು.

ನಾನು ಶಾಸ್ತ್ರೀಯವಾಗಿ ಒಂದು ಪದ್ಧತಿ ಮಾಡಿಕೊಂಡಿದ್ದೆ. ಕಿಲೋಗೆ ಒಂದರಂತೆ ತೂಕಕ್ಕೆ ಅಂಕ, ಹಲ್ಲಿಗೊಂದು ಅಂಕ, ಚುರುಕಿಗೆ ಹತ್ತರಲ್ಲಿ ಇಷ್ಟು. ಹಲ್ಲು ಎಣಿಸಲು ಹೋಗಿ ಎರಡು ಸಲ ಕಚ್ಚಿಸಿಕೊಂಡೆ. ಹೀಗೆ ಹದಿನೇಳು ಮಕ್ಕಳಾದ ಮೇಲೆ ಅಧ್ಯಕ್ಷರ ಮೊಮ್ಮಗನ ಸವಾರಿ ಬಂತು. ಸೊಂಟಕ್ಕೆ ಬೆಳ್ಳಿ ಉಡಿದಾರ, ಕಾಲಿಗೆ ಕಡಗ, ಕೈಗೆ ಬಳೆ, ಕೊರಳಲ್ಲಿ ಮೂರು ತಾಯಿತ. ತಕ್ಕಡಿ ಹನ್ನೆರಡು ಕಿಲೋ ತೋರಿಸಿತು.

"ಹನ್ನೊಂದು ಬರ್ಕಳಿ ಸಾ" ಎಂದ ಗಂಗಣ್ಣ.

"ಹನ್ನೆರಡು ಇದೆಯಲ್ಲಪ್ಪ" ಎಂದೆ.

"ಬೆಳ್ಳಿ ಕಳೀಬೇಕಲ್ರಾ. ಚೀಲದ ತೂಕ ಕಳೀದೆ ನಾನು ಯಾರಿಗೂ ತೂಕ ಹೇಳಿದೋನಲ್ಲ."

ದಬ್ಬೇಘಟ್ಟದ ಕಡೆಯ ಮುದುಕರೊಬ್ಬರು ಮುಂದಿನ ಸಾಲಿನಿಂದ, "ಹಸೀನೂ ಕಳೀಲಾ ಗಂಗಣ್ಣ, ನಮ್ ಕೊಬ್ರಿಗೆ ಕಳೆಯಾಕಿಲ್ವಾ, ಹಂಗೆ" ಎಂದರು. ಮಗು ಅಷ್ಟರಲ್ಲಿ ದುಪ್ಪಟಿ ನೆನೆಸಿತ್ತು. ಚಪ್ಪರವೆಲ್ಲ ನಕ್ಕಿತು. ಅಧ್ಯಕ್ಷರು ನಗಲಿಲ್ಲ. ನಾನು ತಲೆ ಎತ್ತದೆ ಹನ್ನೊಂದು ಎಂದು ಬರೆದೆ. ಹಲ್ಲು ಆರು. ಇಷ್ಟೆಲ್ಲ ನಡೆದರೂ ಅರೆನಿದ್ದೆಯಲ್ಲೇ ಇದ್ದ ಮಗುವಿಗೆ ಚುರುಕಿಗೆ ನಾಲ್ಕು ಕೊಟ್ಟೆ.

ಕೊನೆಗೆ ಬಂದವಳು ಕಾಯಿ ಸುಲಿಯುವ ತಿಮ್ಮಯ್ಯನ ಹೆಂಡತಿ ರಂಗಮ್ಮ. ಮಗಳ ಮೈಮೇಲೆ ಇದ್ದದ್ದು ಒಂದು ಕರಿದಾರ. ಒಂಬತ್ತು ಕಿಲೋ, ಆರು ಹಲ್ಲು. ತೂಕ ಮುಗಿಯುತ್ತಲೇ ಆ ಕೂಸು ತಟ್ಟೆಯಿಂದ ತಾನೇ ಇಳಿದು, ವೇದಿಕೆಯ ಉದ್ದಕ್ಕೂ ತಟ್ಟಾಡುತ್ತ ನಡೆದು, ಅಧ್ಯಕ್ಷರ ಪಂಚೆ ಹಿಡಿದು ನಿಂತು, ಅವರ ಕನ್ನಡಕಕ್ಕೆ ಕೈ ಚಾಚಿತು. ಅದಕ್ಕೆ ಎಂಟು ಕೊಡದಿದ್ದರೆ ನನ್ನ ಕೈ ಸೇದಿಹೋಗುತ್ತಿತ್ತು.

ಕೂಡಿ ನೋಡಿದೆ. ಹುಡುಗಿಗೆ ಇಪ್ಪತ್ತಮೂರು. ಮೊಮ್ಮಗನಿಗೆ ಇಪ್ಪತ್ತೊಂದು. ಮತ್ತೊಮ್ಮೆ ಕೂಡಿದೆ, ಗಣಿತಕ್ಕೆ ಕರುಣೆ ಎಂಬುದಿಲ್ಲ. ರುಜುವಾಗದ ನನ್ನ ಅರ್ಜಿ, ಮನೆಯಲ್ಲಿ ಆರು ತಿಂಗಳ ಬಸುರಿ ಸರ್ವಮಂಗಳ, ಎಲ್ಲ ಕಣ್ಣ ಮುಂದೆ ಬಂದವು. ಮೈಕಿನ ಮುಂದೆ ನಿಂತು ಓದಿದೆ: "ಅಧ್ಯಕ್ಷರ ಮೊಮ್ಮಗ, ಚಿರಂಜೀವಿ. ತೂಕ ಹನ್ನೊಂದು, ಹಲ್ಲು ಆರು, ಚುರುಕು ನಾಲ್ಕು. ಒಟ್ಟು ಇಪ್ಪತ್ತನಾಲ್ಕು. ಪ್ರಥಮ."

ಬಿಡಿ ಅಂಕಗಳನ್ನು ಯಾಕೆ ಓದಿದೆನೋ, ಇವತ್ತಿಗೂ ತಿಳಿಯದು. ತರಗತಿಯಲ್ಲಿ ಬಿಡಿಸಿ ಹೇಳುವ ಚಾಳಿ. ಎದುರಿಗಿದ್ದವರು ವಿದ್ಯಾರ್ಥಿಗಳಾಗಿದ್ದರೆ ದಾಟಿಹೋಗುತ್ತಿತ್ತು. ಇದ್ದವರು ಕೊಬ್ಬರಿ ಬೆಳೆಗಾರರು. ಮಂಡಿಯವನು ಬಾಯಿ ತೆರೆಯುವ ಮೊದಲೇ ಮನಸ್ಸಿನಲ್ಲಿ ಕೂಡಿ ಮುಗಿಸುವವರು. ದಬ್ಬೇಘಟ್ಟದ ಮುದುಕರು ತಣ್ಣಗೆ, "ಇಪ್ಪತ್ತೊಂದಾಯ್ತದೆ ಕಣ್ರೀ" ಎಂದರು.

ಅಧ್ಯಕ್ಷರು ಎದ್ದರು. ನನ್ನ ಕೈಯಿಂದ ಚೀಟಿ ಇಸಿದುಕೊಂಡು ನೋಡಿದರು. ಮೊಮ್ಮಗನ ಮೇಲೆ ಅವರಿಗೆ ಪ್ರೀತಿ ಇರಲಿಲ್ಲವೆಂದಲ್ಲ. ಆದರೆ ತಮ್ಮ ತಕ್ಕಡಿ ತೂಗುತ್ತಿರುವಾಗ, ತಮಗೆ ಕೊಬ್ಬರಿ ಹಾಕುವವರ ಎದುರಿಗೇ, ಕೂಡಿದ್ದು ತಪ್ಪಾಯಿತೆಂದರೆ ಯಾವ ಮಂಡಿಯವನು ತಡೆದಾನು? ಮೈಕು ಹಿಡಿದು, "ಮೇಷ್ಟ್ರು ಕೂಡೋದ್ರಲ್ಲಿ ಎಡವಿದಾರೆ. ನನ್ನ ತಕ್ಕಡಿ ಎಡವಿಲ್ಲ. ಪ್ರಥಮ ಬಹುಮಾನ ರಂಗಮ್ಮನ ಮಗಳಿಗೆ" ಎಂದರು. ಚಪ್ಪಾಳೆ ಬಸ್ ಸ್ಟ್ಯಾಂಡಿನವರೆಗೂ ಕೇಳಿಸಿತಂತೆ. ಹಾಲಿನ ಪುಡಿಯ ಡಬ್ಬ ತೆಗೆದುಕೊಂಡು ಇಳಿಯುವಾಗ ರಂಗಮ್ಮ ನನ್ನ ಹತ್ತಿರ ನಿಂತು, "ಬೇಜಾರು ಮಾಡ್ಕಬ್ಯಾಡಿ ಸಾ. ನಮ್ಮೆಜಮಾನ್ರಿಗೂ ಕೂಡಾಕೆ ಬರಾಕಿಲ್ಲ, ಆದ್ರೂ ಹೆಂಗೋ ಬದುಕ್ತಾವ್ರೆ" ಎಂದು ಸಮಾಧಾನ ಹೇಳಿದಳು.

ಮನೆಯಲ್ಲಿ ನಾನು, ನಾಳೆ ಅಧ್ಯಕ್ಷರನ್ನು ಕಂಡು ನಿಜ ಹೇಳಿಬಿಡುತ್ತೇನೆ ಎಂದೆ. "ಏನಂತ ಹೇಳ್ತೀರಿ?" ಎಂದಳು ಸರ್ವಮಂಗಳ. "ಲೆಕ್ಕ ಬರುತ್ತೆ, ಬೇಕಂತಲೇ ನಿಮಗೆ ಬೆಣ್ಣೆ ಹಚ್ಚಿದೆ ಅಂತಲೋ? ಲೆಕ್ಕ ಬರಲ್ಲ ಅಂತಲೇ ಇದ್ದುಬಿಡಿ. ಅದರಲ್ಲೇ ಸ್ವಲ್ಪ ಮರ್ಯಾದೆ ಉಳಿಯುತ್ತೆ."

ಇದ್ದುಬಿಟ್ಟೆ. ಮುಂದಿನ ತಿಂಗಳು ಅಧ್ಯಕ್ಷರು ನನ್ನ ಅರ್ಜಿಗೆ ರುಜು ಹಾಕಿದರು. ಒಳ್ಳೆಯ ಮನುಷ್ಯ, ಬಸುರಿ ಹೆಂಡತಿ ಇರುವವನ ಅನ್ನ ಕಳೆಯಬಾರದು ಎಂದರಂತೆ. ಮಕ್ಕಳ ಭವಿಷ್ಯವನ್ನೂ ಯೋಚಿಸಿ ಕೆಳಗೊಂದು ಸಾಲು ಸೇರಿಸಿದ್ದರು: ಸದರಿಯವರಿಗೆ ಗಣಿತದ ಹೊರತು ಬೇರೆ ಯಾವುದಾದರೂ ವಿಷಯ ಕೊಡತಕ್ಕದ್ದು. ನಿವೃತ್ತನಾಗುವವರೆಗೂ ಭೂಗೋಳ ಪಾಠ ಮಾಡಿದೆ.