ಒಂದೇ ಗೋಲಿನಿಂದ ಸೋಲಬೇಕು

ಮಿಲ್ಲಿನ ಕಣದ ಆಳುಗಳಿಗಿದ್ದ ಭಾನುವಾರದ ಸೂಟಿಯನ್ನು ಸಾಹುಕಾರರು ಸುಗ್ಗಿ ಶುರುವಾದ ದಿನವೇ ತೆಗೆದುಹಾಕಿದರು. ಅದಾಗಿ ಏಳು ವಾರವಾಗಿತ್ತು.

ಆ ಏಳರಲ್ಲಿ ಮೊದಲನೆಯ ವಾರವೇ ಗಿಡ್ಡಪ್ಪನಿಗೆ ಮಗಳು ಹುಟ್ಟಿದಳು. ಹುಟ್ಟಿದ್ದು ಹನುಮಸಾಗರದಲ್ಲಿ, ಹೆಂಡತಿಯ ತವರಿನಲ್ಲಿ. ಗಿಡ್ಡಪ್ಪ ಇದ್ದದ್ದು ಗಂಗಾವತಿಯ ಅಕ್ಕಿ ಮಿಲ್ಲಿನಲ್ಲಿ, ಕುದಿಸಿದ ಭತ್ತ ಒಣಗಿಸುವ ಸಿಮೆಂಟಿನ ಕಣದ ಮೇಲೆ. ಇಲ್ಲಿಂದ ಅಲ್ಲಿಗೆ ಎರಡು ಬಸ್ಸು ಮತ್ತು ಒಂದು ಸೂಟಿ ಬೇಕು. ಬಸ್ಸುಗಳಿದ್ದವು. ಕೂಸನ್ನು ತೊಟ್ಟಿಲಿಗೆ ಹಾಕುವ ಕಾರ್ಯವನ್ನು ಮೂರು ಸಲ ಮುಂದಕ್ಕೆ ಹಾಕಿದ ಅತ್ತೆ ಶಾಂತಕ್ಕ ಕೊನೆಗೆ ಲಾರಿ ಕ್ಲೀನರನ ಬಾಯಲ್ಲಿ ಹೇಳಿಕಳಿಸಿದ್ದಳು: ಬರುವ ಐತವಾರ ಬಿಟ್ಟು ಅದರ ಮುಂದಿನ ಐತವಾರ ಕಾರ್ಯ ಗಟ್ಟಿ. ಅಪ್ಪ ಬಂದರೆ ಬಂದ, ಬರದಿದ್ದರೆ ಕೂಸಿನ ಸೋದರಮಾವನನ್ನೇ ಅಪ್ಪನ ಜಾಗದಲ್ಲಿ ಕೂರಿಸುತ್ತೇವೆ.

ಹೆಸರು ಗಿಡ್ಡಪ್ಪನಾದರೂ ಆಳು ಆರಡಿ ಇದ್ದ. ಸಾಹುಕಾರರ ಎದುರು ನಿಂತಾಗ ಮಾತ್ರ ಹೆಸರಿಗೆ ತಕ್ಕಷ್ಟಾಗುತ್ತಿದ್ದ. ಸೂಟಿ ಕೇಳಲು ನಾಲ್ಕು ಸಲ ಹೋಗಿ ನಾಲ್ಕು ಸಲವೂ ಕುಡಿಯುವ ನೀರಿನ ಗಡಿಗೆ ಒಡೆದಿದೆ ಎಂದು ಹೇಳಿ ಬಂದಿದ್ದ. ಈಗ ಮಿಲ್ಲಿನಲ್ಲಿ ಐದು ಗಡಿಗೆಗಳಿದ್ದವು.

ಸುಗ್ಗಿ ಶುರುವಾದ ವಾರವೇ ಸಾಹುಕಾರರ ಮಗ ಹೈದರಾಬಾದಿನಿಂದ ಹತ್ತು ಜೋಡಿ ಗಾಲಿ ಬೂಟು ತಂದ. ಒಂದೊಂದು ಬೂಟಿನ ಕೆಳಗೆ ನಾಲ್ಕು ಗಾಲಿ. ಅವುಗಳನ್ನು ಕಟ್ಟಿಕೊಂಡು ಕೋಲು ಹಿಡಿದು ಹಾಕಿ ಆಟ ಆಡುತ್ತಾರಂತೆ. ಇಡೀ ತಾಲೂಕಿನಲ್ಲಿ ಹುಡುಕಿದರೂ ಅದಕ್ಕೆ ತಕ್ಕ ನುಣುಪಾದ ನೆಲ ಮಿಲ್ಲಿನ ಕಣವೊಂದೇ. ಹಾಗಾಗಿ ಪ್ರತಿ ಭಾನುವಾರ ಬೆಳಿಗ್ಗೆ ಎಂಟರಿಂದ ಒಂಬತ್ತರವರೆಗೆ ಭತ್ತ ರಾಶಿಯಲ್ಲೇ ಬೆವರುತ್ತಿತ್ತು, ಕಣದಲ್ಲಿ ಆಟ ನಡೆಯುತ್ತಿತ್ತು. ಬಾಗಿದ ಜಾಲಿ ಕಟ್ಟಿಗೆಯೇ ಕೋಲು, ಗೋಣಿ ದಾರ ಸುತ್ತಿದ ಉಂಡೆಯೇ ಚೆಂಡು, ಎರಡೆರಡು ತೌಡಿನ ಚೀಲಗಳ ನಡುವಿನ ಜಾಗವೇ ಗೋಲು.

ಮಗನ ತಂಡಕ್ಕೆ ಲೆವಿ ಸಾಹೇಬರನ್ನು ಸಾಹುಕಾರರು ಕ್ಯಾಪ್ಟನ್ ಮಾಡಿದ್ದರು. ಮಿಲ್ಲು ಸರಕಾರಕ್ಕೆ ಕೊಡಬೇಕಾದ ಲೆವಿ ಅಕ್ಕಿಯನ್ನು ಈ ಸಾಹೇಬರು ಅಂಗೈಯಲ್ಲಿ ಉಜ್ಜಿ ನೋಡಿ ಸಹಿ ಹಾಕಿದರೆ ಮಾತ್ರ ಲಾರಿ ಹೊರಡುತ್ತಿತ್ತು. ಮೈಸೂರು ಕಡೆಯವರು, ಗುಂಡಗೆ ಇದ್ದರು. ಗಾಲಿಯ ಮೇಲೆ ನಿಂತರೆ ಬಂಡಿಯಿಂದ ಇಳಿಯಲೊಲ್ಲದ ಕಾಳಿನ ಚೀಲದಂತೆ ಕಾಣುತ್ತಿದ್ದರು. ಎದುರು ತಂಡಕ್ಕೆ ಬೇರೆ ಮಿಲ್ಲುಗಳ ಮಕ್ಕಳು ಬರುತ್ತಿದ್ದರು. ಏಳನೆಯ ವಾರ ಅವರಲ್ಲೊಬ್ಬನ ಮುಂಗೈ ಮುರಿಯಿತು, ಬರುವುದೂ ನಿಂತಿತು. ಆಗ ಸಾಹುಕಾರರ ಕಣ್ಣು ಕಣದ ಆಳುಗಳ ಮೇಲೆ ಬಿತ್ತು.

ಶನಿವಾರ ಸಂಜೆ ಐವರಿಗೆ ಗಾಲಿ ಬೂಟು ಕಟ್ಟಿದರು. ಬೀಳುವುದನ್ನು ನೋಡಲು ಗೋಡೆಯ ಮೇಲೆ ಜನ ಕೂತಿದ್ದರು. ಯಾರೂ ಬೀಳಲಿಲ್ಲ. ಕಣದ ಆಳುಗಳು ಬೆಳಗಿನಿಂದ ಸಂಜೆಯ ತನಕ ಭತ್ತವನ್ನು ಕಾಲಿನಿಂದ ತಿರುವುತ್ತಾರೆ. ಪಾದ ಎತ್ತದೆ, ಒಂದರ ಹಿಂದೊಂದು ಎಳೆಯುತ್ತ, ಉದ್ದಕ್ಕೆ ಸಾಲು ಹೊಡೆಯುತ್ತ ಹೋಗಬೇಕು. ವರ್ಷಗಟ್ಟಲೆ ಹೀಗೆ ಕಾಲೆಳೆದವರಿಗೆ ಗಾಲಿ ಕಟ್ಟಿದರೆ ಇನ್ನೇನಾಗುತ್ತದೆ? ಹೆಣ್ಣಾಳುಗಳ ಮುಂದಾಳು ಯಮನೂರಮ್ಮ ಸೀರೆಗೆ ಕಚ್ಚೆ ಹಾಕಿಕೊಂಡು ಕಾಲುವೆ ನೀರಿನಂತೆ ಹರಿದಳು. ತಿರುಗಿ ಬರುವಾಗ ಬಾಯಲ್ಲಿ ಎಲೆಯಡಿಕೆಯೂ ಇತ್ತು.

ಇದನ್ನು ನೋಡಿದ ಗುಮಾಸ್ತ ಪಕೀರಪ್ಪನ ಮುಖ ಸೊರಗಿತು. ಆತ ಗಿಡ್ಡಪ್ಪನನ್ನು ಬಾಯ್ಲರಿನ ಹಿಂದಕ್ಕೆ ಕರೆದೊಯ್ದ.

"ನಾಳೆ ನೀವು ಸೋಲಬೇಕಪಾ. ಆದರ ಒಂದ ಗೋಲಿನಿಂದ. ಜಾಸ್ತಿ ಸೋತ್ರ ಸಾಹೇಬ್ರಿಗೆ ಸಂಶೇ ಬರತೈತಿ."

"ಸೋತ್ರ ಏನ್ರಿ?"

"ಮುಂದಿನ ಐತಾರದಿಂದ ಕಣದೋರಿಗೆಲ್ಲ ಸೂಟಿ. ಸಾಹುಕಾರ್ರು ಬಾಯಿಬಿಟ್ಟು ಹೇಳ್ಯಾರ."

ಗಿಡ್ಡಪ್ಪನ ಕಣ್ಣ ಮುಂದೆ ತೊಟ್ಟಿಲು ತೂಗಿತು. ಉಳಿದವರಿಗೂ ಹೇಳಲೇ ಎಂದು ಕೇಳಿದ. ಪಕೀರಪ್ಪ ಹಣೆ ಬಡಿದುಕೊಂಡ.

"ಯಮನೂರಮ್ಮಗ ಹೇಳಿದ್ರ ಕಾರಟಗಿ ತನಕ ಡಂಗುರ ಹೊಡದಂಗ. ನಿನ್ನ ಹೊಟ್ಟ್ಯಾಗ ಇರ್ಲಿ."

ಗಿಡ್ಡಪ್ಪ ಯಾರಿಗೂ ಹೇಳದೆ ಮಲಗಿದ.

ಬೆಳಿಗ್ಗೆ ಎಂಟಕ್ಕೆ ಪಕೀರಪ್ಪ ವಾಚ್‌ಮನ್ನನ ಸೀಟಿ ಕೊರಳಿಗೆ ಹಾಕಿಕೊಂಡು ಅಂಪೈರ್ ಆದ. ಸೀಟಿ ಊದಿ ಎರಡು ನಿಮಿಷವಾಗಿರಲಿಲ್ಲ, ಯಮನೂರಮ್ಮ ಒಂದು ಗೋಲು ಹೊಡೆದಳು. ಗೋಡೆಯ ಮೇಲಿನ ಜನ ಕೂಗಿದರು. ಗಿಡ್ಡಪ್ಪ ಕೂಗಲಿಲ್ಲ. ಆಕೆ ಇನ್ನೊಂದು ಹೊಡೆದಳು. ಗಿಡ್ಡಪ್ಪನಿಗೆ ಹನುಮಸಾಗರದ ಬಸ್ಸು ಕಣ್ಣೆದುರೇ ಹೊರಟುಹೋದಂತಾಯಿತು. ಇಷ್ಟು ವರ್ಷ ಜೊತೆಗೆ ದುಡಿದ ಹೆಂಗಸು ಇಷ್ಟು ಕೆಟ್ಟವಳೆಂದು ಆತನಿಗೆ ಗೊತ್ತಿರಲಿಲ್ಲ.

ಇನ್ನು ತಡ ಮಾಡುವಂತಿರಲಿಲ್ಲ. ಚೆಂಡನ್ನು ತಾನೇ ಒಯ್ದು ಸಾಹೇಬರ ಕೋಲಿನ ಮುಂದೆ ಇಟ್ಟ. ಗೋಲು ನಾಲ್ಕು ಮಾರು ದೂರ, ಅಡ್ಡ ಯಾರೂ ಇರಲಿಲ್ಲ. ಸಾಹೇಬರು ಕೋಲು ಬೀಸಿದರು, ಗಾಳಿಗೆ ಪೆಟ್ಟಾಯಿತು, ಸಾಹೇಬರು ಕುಂಡಿಯ ಮೇಲೆ ಕೂತರು. ಗಿಡ್ಡಪ್ಪ ಅವರನ್ನು ಎಬ್ಬಿಸಿ, ದೂಳು ಕೊಡವಿ, ಚೆಂಡನ್ನು ಮತ್ತೆ ಮುಂದಿಟ್ಟ. ಊಟ ಮುಗಿಸಿ ಕೈ ಅಡ್ಡ ಹಿಡಿದರೂ ಎಲೆಗೆ ಮತ್ತೆ ಅನ್ನ ಬಡಿಸಿದವನನ್ನು ನೋಡುವಂತೆ ಸಾಹೇಬರು ಆತನನ್ನು ನೋಡಿದರು. ನೋಡಿ, ಚೆಂಡನ್ನು ಹಿಂದಕ್ಕೆ ಹೊಡೆದರು. ಅದೃಷ್ಟಕ್ಕೆ ಹಿಂದೆ ಸಾಹುಕಾರರ ಮಗ ಇದ್ದ. ಆತ ಮುಂದಕ್ಕೆ ಹೊಡೆದು ಗೋಲು ಮಾಡಿದ. ಎರಡಕ್ಕೆ ಒಂದು.

ಪಕೀರಪ್ಪನೂ ತನ್ನ ಕೈಲಾದ ಸೇವೆ ಮಾಡಿದ. ಯಮನೂರಮ್ಮ ಚೆಂಡು ಮುಟ್ಟಿದಾಗಲೆಲ್ಲ ಸೀಟಿ ಊದಿದ. ಯಾಕೆ ಊದಿದೆ ಎಂದು ಆಕೆ ಎದೆಗೆ ಎದೆ ಕೊಟ್ಟು ನಿಂತಾಗ, ಸೆರಗು ಚೆಂಡಿಗೆ ತಾಗಿತು, ಅದು ತಪ್ಪು ಎಂದ. ಯಾವ ಪುಸ್ತಕದಲ್ಲಿ ಬರೆದಿದೆ ಎಂದು ಆಕೆ ಕೇಳಿದಳು. ಸೀರೆ ಉಟ್ಟವರು ಆಡುತ್ತಾರೆಂದು ಪುಸ್ತಕ ಬರೆದವನಿಗೆ ಗೊತ್ತಿರಲಿಲ್ಲ, ಅದಕ್ಕೇ ಬರೆದಿಲ್ಲ ಎಂದ. ಆ ತಪ್ಪಿಗೆ ಸಿಕ್ಕ ಹೊಡೆತದಲ್ಲಿ ಸಾಹುಕಾರರ ಮಗ ಇನ್ನೊಂದು ಗೋಲು ಹಾಕಿದ. ಚೆಂಡು ಬರುವ ದಾರಿಯಲ್ಲೇ ನಿಂತಿದ್ದ ಗಿಡ್ಡಪ್ಪ ಸರಿಯಾದ ಹೊತ್ತಿಗೆ ಕಾಲು ಅಗಲಿಸಿದ್ದ.

ಎರಡಕ್ಕೆ ಎರಡು. ಇನ್ನೊಂದು ಗೋಲು ತಿಂದರೆ ಮಗಳ ಮುಖ ನೋಡಬಹುದು ಎಂದು ಗಿಡ್ಡಪ್ಪ ಉಸಿರು ಬಿಟ್ಟ. ಬಿಟ್ಟ ಉಸಿರು ಪೂರ್ತಿ ಹೊರಬಂದಿರಲಿಲ್ಲ, ಸಾಹೇಬರು ತಮ್ಮದೇ ಗೋಲಿನ ಮುಂದೆ ಚೆಂಡು ಹಿಡಿದು, ಗಿರ್ರನೆ ತಿರುಗಿ, ಎರಡು ತೌಡಿನ ಚೀಲಗಳ ನಡುವೆ ಸರಿಯಾಗಿ ಹೊಡೆದರು. ಕಣದವರಿಗೆ ಮೂರು. ಚಹದಂಗಡಿಯ ಬಾಷಾಬಿ ಗೋಡೆಯ ಮೇಲೆ ಕೂತೇ, ಸಾಹೇಬ್ರಿಗೆ ದಿಕ್ಕು ತಪ್ಪೈತಿ, ಯಾರಾರ ಕೈ ಹಿಡಕೊಂಡು ಆಡಸ್ರಿ ಎಂದಳು. ಸಾಹೇಬರಿಗೆ ನಾಚಿಕೆಯಾದಂತೆ ಕಾಣಲಿಲ್ಲ. ಇಂಥ ದಡ್ಡನ ಕೈಗೆ ಸರಕಾರ ಅಕ್ಕಿಯನ್ನು ಯಾಕಾದರೂ ಕೊಟ್ಟಿದೆಯೋ ಎಂದು ಗಿಡ್ಡಪ್ಪ ಹಲ್ಲು ಕಡಿದ.

ಇನ್ನೊಬ್ಬರನ್ನು ನಂಬಿ ಸೋಲುವುದು ಆಗದ ಮಾತೆಂದು ಆತನಿಗೆ ತಿಳಿಯಿತು. ಚೆಂಡು ಹಿಡಿದು ನೇರ ತನ್ನ ಗೋಲಿನ ಕಡೆಗೆ ಹೊರಟ. ಅಲ್ಲಿ ಕಾವಲಿದ್ದವನು ಬಾಯ್ಲರ್ ನೋಡಿಕೊಳ್ಳುವ ಮೆಹಬೂಬಸಾಬ. ಇಪ್ಪತ್ತು ವರ್ಷ ಉಗಿಯ ಬಾಯಿ ಕಾದವನಿಗೆ ಗೋಣಿ ದಾರದ ಉಂಡೆ ಯಾವ ಲೆಕ್ಕ. ಮೊದಲ ಹೊಡೆತ ತಡೆದು, ಗೋಲು ಆ ಕಡೆ ಇದೆ ಎಂದು ಸಮಾಧಾನದಿಂದ ಹೇಳಿದ. ಎರಡನೆಯದನ್ನು ತಡೆದು, ಬಿಸಿಲಿಗೆ ತಲೆ ತಿರುಗುತ್ತಿದ್ದರೆ ನೀರು ಕುಡಿ ಎಂದ. ಮೂರನೆಯದು ಆತನ ಮೊಣಕಾಲಿಗೆ ಬಡಿದು ಒಳಗೆ ಹೋಯಿತು.

"ಗಾಲಿ ಜಾರಿತು ಕಾಕಾ," ಎಂದ ಗಿಡ್ಡಪ್ಪ.

"ಮೂರು ಸಲನೂ ಒಂದ ಕಡೆ ಜಾರೈತಿ ನೋಡು," ಎಂದ ಮೆಹಬೂಬಸಾಬ.

ಮೂರಕ್ಕೆ ಮೂರು. ಒಂಬತ್ತಕ್ಕೆ ಇನ್ನು ಒಂದು ನಿಮಿಷ. ಒಂಬತ್ತಕ್ಕೆ ಸರಿಯಾಗಿ ಸೈರನ್ ಕೂಗಿಸುವುದು ಬಾಯ್ಲರಿನವನ ಕೆಲಸ. ಇಪ್ಪತ್ತು ವರ್ಷಗಳಲ್ಲಿ ಒಂದು ದಿನವೂ ತಪ್ಪಿಸದ ಮೆಹಬೂಬಸಾಬ ಗೋಲು ಬಿಟ್ಟು ಗಾಲಿಯ ಮೇಲೆಯೇ ಬಾಯ್ಲರ್ ಕೋಣೆಗೆ ಹೊರಟುಹೋದ. ಗೋಲು ಬಯಲಾಯಿತು. ಅದರ ಮುಂದೆ ಚೆಂಡು, ಚೆಂಡಿನ ಒಂದು ಪಕ್ಕ ಸಾಹೇಬರು, ಇನ್ನೊಂದು ಪಕ್ಕ ಗಿಡ್ಡಪ್ಪ.

ಒಂದು ಬೆರಳು ತಾಗಿಸಿದರೆ ಸಾಕಿತ್ತು. ಸಾಹೇಬರು ಚೆಂಡನ್ನು ಹೊರಗೆ ತಳ್ಳಿದರು. ಗಿಡ್ಡಪ್ಪ ಒಳಗೆ ಎಳೆದ. ಸಾಹೇಬರು ಮತ್ತೆ ಹೊರಗೆ ತಳ್ಳಿದರು. ಎರಡು ಕೋಲುಗಳು ಒಂದಕ್ಕೊಂದು ಸಿಕ್ಕಿಕೊಂಡವು. ಎಂಥಾ ಹೋರಾಟವೆಂದು ಗೋಡೆಯ ಮೇಲಿನ ಜನ ಎದ್ದು ನಿಂತರು. ಯಾರು ಯಾವ ಕಡೆಯವರೆಂಬುದು ಯಾರಿಗೂ ನೆನಪಿರಲಿಲ್ಲ. ಸಾಹೇಬರು ಮೈಯೆಲ್ಲ ಬೆವರಿಟ್ಟು ಗಿಡ್ಡಪ್ಪನ ಗೋಲನ್ನು ಕಾಯುತ್ತಿದ್ದರು. ಗಿಡ್ಡಪ್ಪನ ತಾಳ್ಮೆ ಮುಗಿಯಿತು. ಕೋಲು ಬಿಸಾಕಿದ. ಎರಡು ಮೂಟೆ ಒಟ್ಟಿಗೆ ಎತ್ತುವವನಂತೆ ಬಗ್ಗಿ ಸಾಹೇಬರ ಸೊಂಟ ತಬ್ಬಿ ಹಿಡಿದು, ಅವರನ್ನೂ ಅವರ ಕಾಲ ನಡುವಿನ ಚೆಂಡನ್ನೂ ಸೇರಿಸಿ ಗೋಲಿನೊಳಕ್ಕೆ ನೂಕಿದ. ತೌಡಿನ ಚೀಲ ಒಡೆಯಿತು. ಸೈರನ್ ಕೂಗಿತು. ಪಕೀರಪ್ಪ ಮೊದಲು ಗೋಲಿಗೆ, ಆಮೇಲೆ ಆಟ ಮುಗಿದದ್ದಕ್ಕೆ, ಆಮೇಲೆ ಸುಮ್ಮನೆ ಖುಷಿಗೆ ಸೀಟಿ ಊದಿದ. ಸಾಹೇಬರಿಗೆ ನಾಲ್ಕು, ಕಣದವರಿಗೆ ಮೂರು.

ಸೋತ ಸಂತೋಷದಲ್ಲಿ ಗಿಡ್ಡಪ್ಪ ತೌಡಿನಲ್ಲೇ ಮಲಗಿದ್ದ. ಪಕ್ಕದಲ್ಲಿ ಮೈಯೆಲ್ಲ ತೌಡಾಗಿದ್ದ ಸಾಹೇಬರು ಅಳುವವರಂತೆ ಪಿಸುಗುಟ್ಟಿದರು.

"ಏನಯ್ಯಾ ಮಾಡ್ಬಿಟ್ಟೆ? ಇವತ್ತು ಸೋತ್ರೆ ಇನ್ಮೇಲೆ ಆಡೋದಿಲ್ಲ ಅಂತ ಸಾಹುಕಾರರ ಹತ್ರ ಒಪ್ಪಂದ ಆಗಿತ್ತು. ಗೆದ್ರೆ ಸುಗ್ಗಿ ಮುಗಿಯೋವರ್ಗೂ ಪ್ರತಿ ಭಾನುವಾರ ಬರ್ಬೇಕು. ನಾನು ಊರಿಗೆ ಹೋಗಿ ಏಳು ವಾರ ಆಯ್ತು ಕಣಯ್ಯಾ."

ಗಿಡ್ಡಪ್ಪನ ಬಾಯಿಗೆ ತೌಡು ಹೋಯಿತು. ಉಗುಳಿ, ಬೇಡವಾದರೆ ಬೇಡ ಅಂದುಬಿಡಬಹುದಿತ್ತಲ್ಲ ಎಂದು ಕೇಳಿದ. ಸಾಹೇಬರು ಗೇಟಿನ ಬಳಿ ನಿಂತ ತಮ್ಮ ಜೀಪಿನ ಕಡೆ ನೋಡಿದರು. ಪ್ರತಿ ವಾರದಂತೆ ಅದರೊಳಕ್ಕೆ ಸಣ್ಣಕ್ಕಿಯ ಚೀಲವೊಂದು ಏರುತ್ತಿತ್ತು. ಹೇಗಯ್ಯಾ ಅನ್ನಲಿ ಎಂದರು.

ಅಷ್ಟರಲ್ಲಿ ಸಾಹುಕಾರರು ಹಾರ ಹಿಡಿದು ಬಂದರು. ಮುಖ ಹೊಸ ಹಿತ್ತಾಳೆ ಕೊಡದಂತೆ ಹೊಳೆಯುತ್ತಿತ್ತು. ಇಷ್ಟು ಬಿಗಿಯಾದ ಆಟವನ್ನು ತಾವು ನೋಡಿಯೇ ಇಲ್ಲ, ಮುಂದಿನ ಭಾನುವಾರವೂ ಎಂಟಕ್ಕೆ ಇದೇ ಎರಡು ತಂಡ, ಸಾಹೇಬರು ತಪ್ಪಿಸಬಾರದು ಎಂದರು. ಸಾಹೇಬರು ಹಾರಕ್ಕೆ ಕೊರಳು ಬಗ್ಗಿಸಿ, ಆಗಲಿ ಎಂದರು.

ಗಿಡ್ಡಪ್ಪ ಎದ್ದು ನಿಂತ. ಈ ಸಲ ಗಡಿಗೆಯ ಮಾತು ನಾಲಿಗೆಗೆ ಬರಲಿಲ್ಲ.

"ನಮ್ಮ ಸೂಟಿ, ಧಣೇರ?"

"ಕೊಟ್ಟೀನಲ್ಲೋ. ಮುಂದಿನ ಐತಾರ ಕಣದಾಗ ಕೆಲಸ ಇಲ್ಲ. ಆರಕ್ಕ ಬಂದು ಗುಡಿಸಿ ಆಟ ಆಡೂದು, ಆಮ್ಯಾಲ ಸಾಹೇಬ್ರಿಗೆ ನಾಷ್ಟಾ ಬಡಸೂದು, ಸಂಜಿಕ ನನ್ನ ಮಗನ ಗೆಳೆಯಾರಿಗೆ ಗಾಲಿ ಕಲಸೂದು. ಕೆಲಸ ಎಲ್ಲೈತಿ ಇದರಾಗ?"

ಸಾಹುಕಾರರು ಸಾಹೇಬರನ್ನು ಕರೆದುಕೊಂಡು ಒಳಗೆ ಹೋದರು. ಹೇಳಿದಂಗ ಒಂದೇ ಗೋಲಿನಿಂದ ಸೋತೆ, ಶಾಣ್ಯಾ ಅದಿ ಎಂದು ಪಕೀರಪ್ಪ ಗಿಡ್ಡಪ್ಪನ ಬೆನ್ನು ತಟ್ಟಿದ. ಆಡಿದ ಮಾತು ಕಣಕ್ಕೆಲ್ಲ ಕೇಳಿಸಿತು. ಕಟ್ಟೆಯ ಮೇಲೆ ಕೂತು ಬೂಟು ಬಿಚ್ಚುತ್ತಿದ್ದ ಯಮನೂರಮ್ಮ ತಲೆ ಎತ್ತಿದಳು.

"ನಮಗ ಹೇಳದ ನಮ್ಮನ್ನ ಮಾರಿದೇನೋ, ಗಿಡ್ಡ್ಯಾ?"

ಕೂಸನ್ನು ನೋಡಬೇಕಿತ್ತು ಯವ್ವಾ ಎಂದ. ಆಕೆ ಎಲೆಯಡಿಕೆ ಉಗುಳಿ ಮುಖ ತಿರುಗಿಸಿದಳು. ಇಡೀ ಕಣದಲ್ಲಿ ಗಿಡ್ಡಪ್ಪನ ಜೊತೆ ಮಾತಾಡುವವರು ಯಾರೂ ಉಳಿಯಲಿಲ್ಲ.

ಪಕೀರಪ್ಪ ಗೋಣಿಚೀಲ ಹಿಡಿದು ಬೂಟು ತುಂಬಿಕೊಳ್ಳುತ್ತ ಬಂದ. ಗಿಡ್ಡಪ್ಪನ ಮುಂದೆ ನಿಂತು, ಬಿಚ್ಚು ಎಂದ.

"ಬಿಚ್ಚಂಗಿಲ್ರಿ."

"ನಿನ್ನ ಬೂಟು ಇಲ್ದಿದ್ರ ಮುಂದಿನ ಐತಾರ ಐದು ಮಂದಿ ಹೆಂಗ ಆಡ್ತಾರ?"

"ಅದಕ್ಕ ಬಿಚ್ಚಂಗಿಲ್ಲ."

ಪಕೀರಪ್ಪ ತಾನೇ ಬಗ್ಗಿ ಬಕಲ್ಲಿಗೆ ಕೈ ಹಾಕಿದ. ಗಿಡ್ಡಪ್ಪ ಪಾದ ಎತ್ತದೆ ಎರಡು ಮಾರು ಹಿಂದಕ್ಕೆ ಹರಿದ. ಪಕೀರಪ್ಪ ಮೊಣಕಾಲೂರಿ ಬೆನ್ನಟ್ಟಿದ. ಗಿಡ್ಡಪ್ಪ ಮತ್ತೆ ಎರಡು ಮಾರು ಹರಿದ. ಹೀಗೆ ಅರ್ಧ ಕಣ ಸುತ್ತುವಷ್ಟರಲ್ಲಿ ಗುಮಾಸ್ತನ ಧೋತರದ ಮೊಣಕಾಲು ಹರಿಯಿತು. ಆತ ಏದುಸಿರು ಬಿಡುತ್ತ ಕಟ್ಟೆಯ ಕಡೆ ತಿರುಗಿ, ಈ ದ್ರೋಹಿಯ ಕಾಲು ಹಿಡಿದುಕೋ ಎಂದು ಯಮನೂರಮ್ಮನಿಗೆ ಹುಕುಂ ಮಾಡಿದ.

ಯಮನೂರಮ್ಮ ಗಿಡ್ಡಪ್ಪನನ್ನು ನೋಡಿದಳು, ಗುಮಾಸ್ತನನ್ನು ನೋಡಿದಳು. ಬಿಚ್ಚಿದ್ದ ಎಡಗಾಲಿನ ಬೂಟನ್ನು ಮತ್ತೆ ಕಾಲಿಗೆ ಏರಿಸಿ ಪಟ್ಟಿ ಬಿಗಿದುಕೊಂಡಳು.

"ನಾ ಹಿಡಿಯಂಗಿಲ್ಲ," ಎಂದಳು.