ಗಂಜಿ ಕುಡಿದ ಮ್ಯಾನಿಫೋಲ್ಡು

ನನ್ನ ಭಾವನಿಗೆ ಈ ಪ್ರಪಂಚದಲ್ಲಿ ಪೂರ್ತಿಯಾದ ವಸ್ತು ಎಂಬುದೊಂದು ಇನ್ನೂ ಸಿಕ್ಕಿಲ್ಲ. ಕಾರ್ಖಾನೆಯವರು ತಯಾರಿಸಿ, ಪರೀಕ್ಷಿಸಿ, ಪೆಟ್ಟಿಗೆಗೆ ತುಂಬಿ, ಮೊಹರು ಒತ್ತಿ ಕಳುಹಿಸಿದ್ದೆಲ್ಲವೂ ಅವರ ದೃಷ್ಟಿಯಲ್ಲಿ ಕೇವಲ ಒಂದು ಕರಡು ಪ್ರತಿ. ತಿದ್ದುವ ಹೊಣೆ ಭಾವನದು! ಹೊಸ ಕೊಡೆ ತಂದರೆ ಮೊದಲು ಅದರ ಹಿಡಿಯನ್ನು ಗರಗಸದಿಂದ ಕೊಯ್ದು ಗಿಡ್ಡ ಮಾಡುತ್ತಾರೆ. ಅಕ್ಕನ ಮಿಕ್ಸಿಯ ಮುಚ್ಚಳಕ್ಕೆ, ಒಳಗೆ ಗಾಳಿ ಆಡಲಿ ಎಂಬ ಸದುದ್ದೇಶದಿಂದ, ರಂಧ್ರ ಕೊರೆದರು. ಅಂದಿನ ಕಾಯಿಚಟ್ನಿಯ ಕೆಲವು ಅಂಶಗಳನ್ನು ಅಡುಗೆಮನೆಯ ಮಾಡಿನಲ್ಲಿ ಇಂದಿಗೂ ದರ್ಶಿಸಬಹುದು.

ನಾನೂ ಸುಧಾರಣೆಯ ಪಕ್ಷಪಾತಿಯೇ. ಕುಂದಾಪುರದ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಿಗೆ ನಿಂತು, ಸಮಾಜವನ್ನು ಮಾತಿನಿಂದ ತಿದ್ದಬಹುದೆಂದು ಕಲಿತವನು. ಈಗಲೂ ಹಾಗೆಯೇ ನಂಬಿದವನು. ಆದರೆ ಸಮಾಜವನ್ನು ತಿದ್ದಹೊರಟವನ ಕುಟುಂಬದಲ್ಲಿ ಕೊಡೆಯನ್ನು ತಿದ್ದುವವರೂ ಒಬ್ಬರು ಇರಲೇಬೇಕೆಂದು ಯಾವ ಶಾಸ್ತ್ರದಲ್ಲಿ ಬರೆದಿದೆ?

ಅಕ್ಕನ ಮನೆ ಉಪ್ಪುಂದದಲ್ಲಿ, ಕಡಲಿನ ಸದ್ದು ಕೇಳುವಷ್ಟು ಹತ್ತಿರ. ಭಾವ ಮೀನಿನ ಏಜೆಂಟರು; ಮೀನಿನ ವಿಷಯದಲ್ಲಿ ಮಾತ್ರ ಯಾವ ತಿದ್ದುಪಡಿಯನ್ನೂ ಸೂಚಿಸಿದವರಲ್ಲ. ಒಂದು ದಿನ ಅಕ್ಕ ದೂರವಾಣಿಯಲ್ಲಿ ಅಲವತ್ತುಕೊಂಡಳು.

"ಹ್ವಾಯ್, ಒಂದ್ ಸರ್ತಿ ಬಂದ್ ಹೋಗ್ ಮಾರಾಯ. ನಿನ್ ಭಾವ ಕಾರಿನ್ ಹೊಟ್ಟಿ ಬಿಚ್ಚಿ ಕರುಳ್ ಹೊರ್ಗ್ ತೆಗ್ದೀರ್." ಇಲ್ಲಿ ನಿಂತು, ಉಸಿರು ಸರಿಮಾಡಿಕೊಂಡು ಮುಂದುವರಿಸಿದಳು. "ಸೋಮಾರ ಬ್ರಹ್ಮಾವ್ರಕ್ ಹೋಪುದ್ ಹ್ಯಾಂಗ್, ನೀನೇ ಹೇಳ್!"

ಅಕ್ಕನಿಗೆ ಆಸ್ತಮಾ. ಸೋಮವಾರ ಬ್ರಹ್ಮಾವರದ ಡಾಕ್ಟರು ಅವಳನ್ನು ನೋಡಬೇಕಿತ್ತು. ತುಂಬಿದ ಬಸ್ಸು, ಹೆದ್ದಾರಿಯ ಧೂಳು, ಯಾರದೋ ಅತ್ತರು, ಇವುಗಳಲ್ಲಿ ಯಾವುದೊಂದು ತಗುಲಿದರೂ ಅವಳಿಗೆ ಉಸಿರು ಕಟ್ಟುತ್ತದೆ. ಇದ್ದದ್ದು ಒಂದು ಹಳೆಯ ಟರ್ಬೊ ಡೀಸೆಲ್ ಕಾರು. ಅದರ ಕರುಳು ಈಗ ಹೊರಗೆ!

ನಾನು ಹೋದಾಗ ಭಾವ ಮನೆಯಿಂದ ಬಹುದೂರ, ಕಡಲದಂಡೆಯ ತೆಂಗಿನ ಮರದ ಬುಡದಲ್ಲಿ ಕುಳಿತಿದ್ದರು. ಮನೆಯಿಂದ ಅಲ್ಲಿಯವರೆಗೆ ಒಂದು ಉದ್ದನೆಯ ಕರೆಂಟಿನ ವಯರು. ಕೈಯಲ್ಲಿ ದಂತವೈದ್ಯರ ಯಂತ್ರದ ಅಣ್ಣನಂತಿದ್ದ ಒಂದು ಗ್ರೈಂಡರು. ತೊಡೆಯ ಮೇಲೆ ಎರಕದ ಕಬ್ಬಿಣದ ಒಂದು ವಿಚಿತ್ರ ಪ್ರಾಣಿ. ಅದರ ಹೆಸರು ಎಗ್ಸಾಸ್ಟ್ ಮ್ಯಾನಿಫೋಲ್ಡು ಎಂದೂ, ಎಂಜಿನ್ನಿನ ನಾಲ್ಕು ಸಿಲಿಂಡರುಗಳು ಉಗುಳುವ ಹೊಗೆಯನ್ನು ಒಂದೇ ಬಾಯಿಗೆ ಕೂಡಿಸಿ ಟರ್ಬೊಗೆ ಒಪ್ಪಿಸುವುದೇ ಅದರ ಜೀವನಧರ್ಮವೆಂದೂ ಭಾವ ತಿಳಿಸಿದರು. ಮೀನಿನ ಬುಟ್ಟಿ ಹೊತ್ತು ಹೋಗುತ್ತಿದ್ದ ನೆರೆಮನೆಯ ಹೆಂಗಸು ಮಾತ್ರ ಅದನ್ನು ಬೇರೆಯೇ ಕುಲಕ್ಕೆ, ಕಾಲುಗಳ ಗೊಂಚಲಿರುವ ಕಡಲಪ್ರಾಣಿಯ ಕುಲಕ್ಕೆ, ಸೇರಿಸಿದಳು.

"ಇದೆಂತ ಅಣ್ಣ, ಕಬ್ಣದ್ ಬೊಂಡಾಸಾ? ಸುಕ್ಕ ಮಾಡುಕಾ, ಗಸಿಯಾ?"

"ಇದ್ ಬೇಯುಕೆ ನಿನ್ ಒಲಿ ಸಾಕಾತಿಲ್ಲ, ಹೋಗ್!" ಎಂದ ಭಾವ, ನನ್ನ ಬೆರಳನ್ನು ಹಿಡಿದು ಆ ಬೊಂಡಾಸದ ಒಂದು ಕಾಲಿನೊಳಗೆ ತೂರಿಸಿಯೇಬಿಟ್ಟರು. "ಮುಟ್ಟಿ ಕಾಣ್. ಒಳ್ಗೆಲ್ಲ ಕಲ್ಲ್ ಕಲ್ಲ್. ಎರ್ಕ ಹೊಯ್ದ್ ಹಾಂಗೇ ಬಿಟ್ಟೀರ್. ಪಾಪ, ಹೊಗಿ ಹೊರ್ಗ್ ಬಪ್ಪುದ್ ಹ್ಯಾಂಗ್?"

ಹೊಗೆಗೆ 'ಪಾಪ' ಎಂದ ಮೊದಲ ಮನುಷ್ಯನನ್ನು ನಾನು ಅಂದು ಕಂಡೆ!

ವಾದಕ್ಕಿಳಿದರೆ ನನ್ನ ನಾಲಗೆಗೆ ಪುಸ್ತಕದ ಕನ್ನಡವೇ ಒದಗಿ ಬರುತ್ತದೆ. ವಾಹನಗಳನ್ನು ಮನಬಂದಂತೆ ಮಾರ್ಪಡಿಸುವುದು ನಾಗರಿಕ ಪ್ರಜ್ಞೆಗೆ ಸಲ್ಲದೆಂದು ಆರಂಭಿಸಿದೆ. ಸೈಲೆನ್ಸರು ಕಿತ್ತು ಕುಂದಾಪುರದ ರಸ್ತೆಗಳಲ್ಲಿ ಗುಡುಗುವ ತರುಣರ ವಿರುದ್ಧ ನಾನು ಸಭೆ ನಡೆಸುತ್ತಿರುವಾಗ ನನ್ನ ಭಾವನೇ ಹೀಗೆ ಮಾಡಬಹುದೇ ಎಂದು ಕೇಳಿದೆ. ಕಾರು ಬಿಚ್ಚುವುದಕ್ಕೆ ಸೋಮವಾರದ ಹಿಂದಿನ ವಾರವೇ ಆಗಬೇಕಿತ್ತೇ ಎಂದು ಮುಗಿಸಿದೆ. ಭಾವ ಸಾವಧಾನವಾಗಿ ಎಲ್ಲವನ್ನೂ ಕೇಳಿದರು.

"ನೀ ಹೇಳುದ್ ಸೈಲೆನ್ಸರ್, ಅದ್ ಬಾಯಿ. ನಾ ಮುಟ್ಟಿದ್ದ್ ಗಂಟ್ಲ್. ಸದ್ದ್ ಹೆಚ್ಚಾತಿಲ್ಲ, ಉಸ್ರ್ ಸಲೀಸಾತ್ತ್. ಈಗ ಒಂಚೂರ್ ಇದ್ನ ಹಿಡ್ಕೋ ಕಾಂಬ."

ಶಬ್ದಮಾಲಿನ್ಯದ ವಿರೋಧಿ ಮ್ಯಾನಿಫೋಲ್ಡು ಹಿಡಿದುಕೊಂಡು ಕುಳಿತ. ಇದಕ್ಕೆ ಚರ್ಚಾಸ್ಪರ್ಧೆಯಲ್ಲಿ ಸೋಲೆಂದೇ ಹೆಸರು.

ಉಜ್ಜಿದ್ದು ಸಾಕೇ, ಇನ್ನೂ ಬೇಕೇ ಎಂದು ತಿಳಿಯಲು ಭಾವ ಕಂಡುಹಿಡಿದ ಉಪಾಯವನ್ನು ಜಗತ್ತಿನ ಯಾವ ಎಂಜಿನಿಯರೂ ಊಹಿಸಿರಲಾರ. ಅದು ಕುಚ್ಚಲಕ್ಕಿ ಗಂಜಿ! ತೆಳ್ಳಗಿನ ಗಂಜಿಯನ್ನು ಒಂದೊಂದೇ ಕಾಲಿನಿಂದ ಸುರಿಯಬೇಕು. ಅದು ಇನ್ನೊಂದು ತುದಿಯಿಂದ ಇಳಿದುಹೋಗಬೇಕು. ಬಳಿಕ ಟಾರ್ಚು ಬಿಟ್ಟು ಒಳಗೆ ನೋಡಬೇಕು. ಎಲ್ಲಿ ಅಗುಳು ಅಂಟಿ ನಿಂತಿದೆಯೋ ಅಲ್ಲಿ ಉಬ್ಬಿದೆ ಎಂದರ್ಥ. ಅಲ್ಲಿ ಮತ್ತೆ ಉಜ್ಜಬೇಕು. ಹೀಗೆ ಪಾತ್ರೆಗಟ್ಟಲೆ ಗಂಜಿ ಕಾರಿನ ಗಂಟಲಿಗೆ ಸಂದಿತು.

"ಬೇಯ್ಸುಕ್ ನಾನ್, ಉಂಬುಕ್ ಕಾರ್!" ಎಂದು ಅಕ್ಕ ಬಾಗಿಲಲ್ಲಿ ನಿಂತು ಕೂಗಿದಳು. "ಉಪ್ಪಿನ್ಕಾಯಿ ಬೇಕಾ ಕೇಣಿ ಅದ್ರತ್ರ!"

ಇಷ್ಟಾದರೂ ಕೆಲಸ ಮುಗಿಯಲೊಲ್ಲದು. ಏಕೆಂದರೆ ಭಾವ ಗ್ರೈಂಡರನ್ನು ಬೇಕೆಂದಾಗ ಚಾಲೂ ಮಾಡುತ್ತಿರಲಿಲ್ಲ. ಪಕ್ಕದಲ್ಲಿ ಒಂದು ಬಿದಿರಿನ ಕೋಲು ನೆಟ್ಟು, ಅದರ ತುದಿಗೆ ಅಕ್ಕನ ಹಳೆಯ ಕೆಂಪು ಸೀರೆಯ ಚೂರೊಂದನ್ನು ಕಟ್ಟಿದ್ದರು. ಬೆಳಿಗ್ಗೆ ಬಂದು ಮೊದಲು ಆ ಬಟ್ಟೆಯನ್ನು ದಿಟ್ಟಿಸುವುದು. ಅದು ಕಡಲಿನ ಕಡೆಗೆ ಹಾರುತ್ತಿದ್ದರೆ ಮಾತ್ರ ಉಜ್ಜುವುದು. ಹೊತ್ತೇರಿ ಬಟ್ಟೆ ಜೋತುಬಿದ್ದರೆ, ಅರ್ಧ ಉಜ್ಜಿದ್ದರೂ ಗ್ರೈಂಡರು ಬಂದ್! ಇದಕ್ಕೆ ಸರಿಯಾಗಿ, ಕಬ್ಬಿಣದ ಅಂಚುಗಳನ್ನು ಗುರುತಿಸಲು ಅವರು ಕುಂಕುಮ ಬಳಿದಿದ್ದರು. ಕೋಲು, ಕೆಂಪು ಬಟ್ಟೆ, ಕುಂಕುಮ, ಗಂಜಿ. ಪೂಜೆಗೆ ಉಳಿದದ್ದಾದರೂ ಏನು?

"ಕಾರಿಗ್ ಎಂತಾರೂ ಮೆಟ್ಟ್ಕಂಡಿತ್ತಾ?" ಎಂದು ಮೀನಿನ ಹೆಂಗಸು ದನಿ ತಗ್ಗಿಸಿ ನನ್ನನ್ನು ವಿಚಾರಿಸಿದಳು.

ಭಾನುವಾರ ಬಟ್ಟೆ ಬೆಳಗಿನಿಂದಲೇ ಮನೆಯ ಕಡೆಗೆ ಹಾರುತ್ತಿತ್ತು. ಉಜ್ಜಲು ಉಳಿದದ್ದು ಬೊಂಡಾಸದ ಒಂದೇ ಕಾಲು. ಅಕ್ಕ ಮೂಲೆಯಲ್ಲಿ ಕುಳಿತು, ಮಾತಿಗೊಮ್ಮೆ ಉಸಿರಿಗಾಗಿ ತಡೆದು, ಬಸ್ಸಿನಲ್ಲೇ ಹೋಗುವುದೆಂದು ಹೇಳಿದಳು. ನನಗೆ ಸಹನೆ ತಪ್ಪಿತು. ಗ್ರೈಂಡರಿಗೂ ಮುಹೂರ್ತ ನೋಡುವ ಮೌಢ್ಯ ಈ ಕಾಲದಲ್ಲಿ ಶೋಭಿಸುತ್ತದೆಯೇ ಎಂದು, ಏರುದನಿಯಲ್ಲಿ, ಸಾಕಷ್ಟು ವಿಸ್ತಾರವಾಗಿ ಕೇಳಿದೆ. ಭಾವ ಆ ಬಟ್ಟೆಯಿಂದ ಕಣ್ಣು ಕೀಳದೆ ಉತ್ತರಿಸಿದರು.

"ಗಾಳಿ ತಿರ್ಗ್ಲಿ."

ಗಾಳಿ ತಿರುಗಿದ್ದು ಸೋಮವಾರ ಬೆಳಕು ಹರಿಯುವಾಗ. ಕೊನೆಯ ಕಾಲನ್ನು ಉಜ್ಜಿದರು, ಗಂಜಿ ಸುರಿದರು, ಒಂದು ಅಗುಳೂ ನಿಲ್ಲಲಿಲ್ಲ. ಉಪ್ಪುಗಾಳಿಗೆ ತುಕ್ಕು ಹಿಡಿದ ಬೋಲ್ಟುಗಳಿಗೆ ತೆಂಗಿನೆಣ್ಣೆ ಸವರಿ, ಬೊಂಡಾಸವನ್ನು ಅದರ ಜಾಗಕ್ಕೆ ಕೂರಿಸಿ, ಕಾರನ್ನು ದಂಡೆಗೆ ತಳ್ಳಿಸಿಕೊಂಡು ಹೋಗಿ ಅಲ್ಲಿಯೇ ಚಾಲೂ ಮಾಡಿದರು. ತೆಂಗಿನೆಣ್ಣೆಯೂ ಗಂಜಿಯ ಶೇಷವೂ ಕಾದ ಕಬ್ಬಿಣದಲ್ಲಿ ಸುಡತೊಡಗಿದವು. "ಯಾರ್ ಮನಿ ಗಂಜಿ ಅಡಿ ಹಿಡ್ದದ್ದ್?" ಎಂದು ದಾರಿಯಲ್ಲಿ ಹೋಗುವವರೆಲ್ಲ ಕೇಳುವಂತಾಯಿತು. ಆ ವಾಸನೆ ಪೂರ್ತಿ ಹೋಗುವ ತನಕ ಅಕ್ಕನನ್ನು ಕಾರಿನ ಬಳಿಗೆ ಬರಗೊಡಲಿಲ್ಲ.

ಹೊರಟೆವು. ಮರವಂತೆ ದಾಟುತ್ತ ಭಾವ, "ಕಂಡ್ಯಾ? ಎಷ್ಟ್ ಹಗೂರ ಹ್ವಾತ್ತ್!" ಎಂದರು. ತಲ್ಲೂರಿನ ಬಳಿ ತೆಂಗಿನಕಾಯಿ ತುಂಬಿದ ಟೆಂಪೋ ಒಂದು ನಮ್ಮನ್ನು ಹಿಂದೆ ಹಾಕಿ ಹೋಯಿತು. "ಮೊದ್ಲ್ ಹ್ಯಾಂಗ್ ಹೋತಿತ್ತೋ ಈಗ್ಳೂ ಹಾಂಗೇ," ಎಂದು ಅಕ್ಕ ತೀರ್ಪಿತ್ತಳು. ಸತ್ಯಕ್ಕೆ ಬದ್ಧನಾದ ನಾನು ಅಕ್ಕನ ಪರವಾಗಿ ಮತ ಚಲಾಯಿಸಿದೆ. ಭಾವ ಎಂಜಿನ್ನಿನ ಸದ್ದಿಗೇ ಕಿವಿಗೊಟ್ಟು ಕೋಟ, ಸಾಲಿಗ್ರಾಮ ಕಳೆದು ಬ್ರಹ್ಮಾವರ ಮುಟ್ಟಿಸಿದರು.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಗೋಡೆಯ ಮೇಲೆ ಶ್ವಾಸಕೋಶದ ಚಿತ್ರ. ಒಂದು ಕೊಳವೆ, ಅದರಿಂದ ಕವಲೊಡೆದ ಕಾಲುಗಳು. ಈ ಪ್ರಾಣಿಯನ್ನು ನಾನು ಎಲ್ಲಿಯೋ ನೋಡಿದ್ದೇನಲ್ಲಾ ಎನಿಸಿತು.

"ಮನೆಯಲ್ಲಿ ಧೂಳು ಉಂಟಾ?" ಎಂದು ಡಾಕ್ಟರು ಅಕ್ಕನನ್ನು ಕೇಳಿದರು.

"ಧೂಳಾ? ಇವ್ರ್ ಇಪ್ಪಲ್ಲಿಯಾ?" ಎಂದಳು ಅಕ್ಕ. "ಕಾರಿನ್ ಕಬ್ಣ ಉಜ್ಜುದ್ ಸೈತ ಗಾಳಿ ಸಮುದ್ರದ್ ಬದಿಗ್ ಹೊಡುವತ್ತಿಗ್ ಮಾತ್ರ. ಒಂದ್ ಹುಡಿ ಮನಿ ಬದಿಗ್ ಬಪ್ಪುಕಾಗ ಅಂದೇಳಿ. ಅದ್ಕೇ ಇಷ್ಟ್ ತಡ ಆದ್ದ್."

ಡಾಕ್ಟರು ಭಾವನ ಕಡೆಗೆ ತಿರುಗಿ ನಕ್ಕರು. "ಓ, ಕಾರು ಬಿಚ್ಚಿದಿರಾ ಹಾಗಾದರೆ?" ಆಮೇಲೆ ನನಗೆ ವಿವರಿಸಿದರು. "ಹೋದ ಸಲ ನಾನು ಹೇಳಿದ್ದೆ, ಈ ಕಾಯಿಲೆಯಲ್ಲಿ ಉಸಿರು ಎಳೆದುಕೊಳ್ಳುವುದಕ್ಕಿಂತ ಹೊರಗೆ ಬಿಡುವುದೇ ಕಷ್ಟ, ದಾರಿ ಒಳಗಿಂದ ಕಿರಿದಾಗಿರುತ್ತದೆ ಅಂತ. ಇವರು ಕೇಳಿದರು, 'ಒಳ್ಗ್ ಒಂಚೂರ್ ಉಜ್ಜಿ ಅಗಲ ಮಾಡುಕ್ ಬತ್ತಿಲ್ಯಾ ಡಾಕ್ಟ್ರೆ?' ಮನುಷ್ಯರಲ್ಲಿ ಹಾಗೆ ಬರುವುದಿಲ್ಲ, ಕಾರಿನಲ್ಲಾದರೆ ಮಾಡಬಹುದಿತ್ತು ಅಂದೆ. ತಮಾಷೆಗೆ ಅಂದದ್ದು!"

ಭಾವ ಗೋಡೆಯ ಚಿತ್ರವನ್ನೇ ನೋಡುತ್ತಿದ್ದರು.

ಡಾಕ್ಟರು ಉಸಿರಿನ ಬಲವನ್ನು ಮುಳ್ಳಿನಿಂದ ತೋರಿಸುವ, ಊದುವ ಸಣ್ಣ ಕೊಳವೆಯೊಂದನ್ನು ಅಕ್ಕನ ಕೈಗಿತ್ತು, ಇದ್ದ ಉಸಿರೆಲ್ಲ ಬಿಡಿ ಎಂದರು. ಅಕ್ಕ ಕಣ್ಣು ಮುಚ್ಚಿ ಊದಿದಳು. ಅವಳ ಕುರ್ಚಿಯ ಹಿಂದೆ ನಿಂತಿದ್ದ ಭಾವನೂ, ಕೆನ್ನೆ ಉಬ್ಬಿಸಿ, ಸದ್ದಿಲ್ಲದೆ, ಅವಳದು ಮುಗಿಯುವವರೆಗೂ ಊದಿದರು. ಮುಳ್ಳು ಹೋದ ಸಲ ನಿಂತಲ್ಲಿಯೇ ನಿಂತಿದೆ ಎಂದರು ಡಾಕ್ಟರು.

ಹೊರಗೆ ಬಂದು ಕಾರು ಹತ್ತಿದೆವು. ಅಕ್ಕ ಸೆರಗು ಸರಿಮಾಡಿಕೊಂಡು, ಕಿಟಕಿಯ ಕಡೆಗೆ ಮುಖ ತಿರುಗಿಸಿ ಹೇಳಿದಳು. "ಹೌದ್ ಮಾರಾಯ್ರೆ, ನೀವ್ ಹೇಳದ್ದ್ ಸಮ. ಕಾರ್ ಹಗೂರ ಹ್ವಾತ್ತ್ ಕಾಣಿ."

ಭಾವ ಇನ್ನೂ ಕೀಲಿಯನ್ನೇ ತಿರುಗಿಸಿರಲಿಲ್ಲ.