ಪಟ್ಟಿ ಸಾಹೇಬರಿಗೊಂದು ಪ್ರೊಫೈಲು

ಫ್ಯಾನ್ ಕಾರ್ಖಾನೆ ಬಾಗಿಲು ಹಾಕಿ ಹನ್ನೊಂದು ವಾರವಾದ ಮೇಲೆ ಪಟ್ಟಿ ಸಾಹೇಬರಿಗೆ ಒಂದು ದಿವ್ಯಜ್ಞಾನ ಉಂಟಾಯಿತು. ಏನೆಂದರೆ, ಈ ಲೋಕದಲ್ಲಿ ತಾವು ಇಲ್ಲವೇ ಇಲ್ಲ. ಈ ಜ್ಞಾನವನ್ನು ಅವರಿಗೆ ದಯಪಾಲಿಸಿದ ಮಹಾನುಭಾವ ಹೆಂಡತಿಯ ತಮ್ಮ.

"ಭಾವ, ನಿಮ್ಮ ಹೆಸರು ಹಾಕಿ ಹುಡುಕಿದೆ. ಏನೂ ಬರ್ಲಿಲ್ಲ. ಅಂದ್ರೆ ನೀವು ಇಲ್ಲ."

"ಇಲ್ಲ ಅಂದ್ರೆ ಏನೋ? ನಿನ್ನ ಎದುರಿಗೇ ಕೂತಿದೀನಲ್ಲ!"

"ಇಲ್ಲಿ ಇದೀರಿ ಭಾವ, ಇಂಟರ್‌ನೆಟ್‌ನಲ್ಲಿ ಇಲ್ಲ. ಅಲ್ಲಿ ಇಲ್ದೋರು ಇಲ್ಲಿದ್ದೂ ಇಲ್ಲದ ಹಾಗೇ."

ಒಳಕೋಣೆಯಲ್ಲಿ ಹೊಲಿಗೆ ಯಂತ್ರ ನಿಂತಿತು. "ಇಲ್ಲ ಅನ್ನೋದಾದ್ರೆ ಬೆಳಗ್ಗೆಯಿಂದ ಸೋಫಾದ ಮೇಲೆ ಅಡ್ಡಡ್ಡ ಬಿದ್ದಿರೋದು ಯಾರು?" ಎಂದು ಹೆಂಡತಿ ಕೇಳಿದಳು. ಉತ್ತರಕ್ಕೆ ಕಾಯದೆ ಯಂತ್ರ ಮತ್ತೆ ಓಡತೊಡಗಿತು.

ಪಟ್ಟಿ ಸಾಹೇಬರೆಂದರೆ ಆ ಕಾರ್ಖಾನೆಯ ಸ್ಟೋರ್ ಕೀಪರು. ಇಪ್ಪತ್ತಮೂರು ವರ್ಷ ಒಂದೇ ಕಬ್ಬಿಣದ ಮೇಜು, ಒಂದೇ ಜಾಲರಿ ಕಿಟಕಿ. ಆ ಕಿಟಕಿಯಿಂದ ಅವರ ಸಹಿಯಿಲ್ಲದೆ ಒಂದು ತಿರುಪೂ ಹೊರಗೆ ಹೋದದ್ದಿಲ್ಲ. ಇದ್ದದ್ದಕ್ಕೆಲ್ಲ ಪಟ್ಟಿ, ಆ ಪಟ್ಟಿಗಳಿಗೆ ಇನ್ನೊಂದು ಪಟ್ಟಿ. ಹಾಗಾಗಿ ಆ ಹೆಸರು. ಕೆಲಸ ಹೋದ ಮೇಲೂ ಕೈ ಸುಮ್ಮನಿರಲಿಲ್ಲ. ಅಡುಗೆಮನೆಯ ಡಬ್ಬಗಳಿಗೆ ನಂಬರು ಬಂತು, ಹೆಂಡತಿಯ ದಾರದ ಉಂಡೆಗಳಿಗೆ ನಂಬರು ಬಂತು. ಅವಳು ತನಗೂ ಒಂದು ಚೀಟಿ ಅಂಟುವ ಮುಂಚೆ ಇವರಿಗೆ ಎಲ್ಲಾದರೂ ಕೆಲಸ ಸಿಗಲಿ ಎಂದು ಹಂಬಲಿಸುತ್ತಿದ್ದಳು.

ತಮಾಷೆ ಹಾಗಿರಲಿ, ಮನೆ ಈಗ ಆ ಹೊಲಿಗೆ ಯಂತ್ರದ ಮೇಲೇ ನಡೆಯುತ್ತಿತ್ತು. ಅವಳು ಅದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಮಿಕ್ಕಿದ್ದಕ್ಕೆಲ್ಲ ಹತ್ತು ಮಾತಾಡುವವಳು ಇದೊಂದರ ಬಗ್ಗೆ ಸುಮ್ಮನಿದ್ದದ್ದೇ ಸಾಹೇಬರಿಗೆ ಚುಚ್ಚುತ್ತಿತ್ತು. ಅರ್ಜಿ ಹಾಕಿದ ಒಂದು ಕಡೆ ವಯಸ್ಸು ಕೇಳಿ ನಕ್ಕರು, ಇನ್ನೊಂದು ಕಡೆ ನಗುವಷ್ಟೂ ಪುರುಸೊತ್ತಿರಲಿಲ್ಲ. ಹಳೆಯ ಸಹೋದ್ಯೋಗಿಗಳು ಸಿಕ್ಕಿ "ಏನಾದ್ರೂ ಆಯ್ತಾ?" ಎಂದು ಕೇಳಿಬಿಟ್ಟಾರೆಂದು ಅವರು ತರಕಾರಿಗೂ ಹಿಂದಿನ ಗಲ್ಲಿಯಲ್ಲೇ ಹೋಗುತ್ತಿದ್ದರು.

ಆದ್ದರಿಂದ ಕೆಲಸ ಹುಡುಕುವವರ ಜಾಲತಾಣದಲ್ಲಿ ಪ್ರೊಫೈಲು ಕಟ್ಟುವ ಮಹಾಕಾರ್ಯಕ್ಕೆ ಭಾವಮೈದನೇ ಗುರುವಾದ. ಅವನು ನಾಲ್ಕು ವರ್ಷದಿಂದ ಕೆಲಸ ಹುಡುಕುತ್ತಿದ್ದ. ಕೆಲಸ ಹುಡುಕುವುದರಲ್ಲಿ ಅವನಿಗಿದ್ದಷ್ಟು ಅನುಭವ ಆ ಬೀದಿಯಲ್ಲೇ ಯಾರಿಗೂ ಇರಲಿಲ್ಲ. (ಕೆಲಸ ಸಿಕ್ಕಿದವರು ಈ ವಿದ್ಯೆಯನ್ನು ಬೇಗ ಮರೆತುಬಿಡುತ್ತಾರೆ.)

"ಮೊದ್ಲು ಫೋಟೋ," ಎಂದ ಗುರು. "ಕೋಟು ಹಾಕ್ಕೊಳ್ಳಿ."

ಸಾಹೇಬರ ಹತ್ತಿರ ಕೋಟಿರಲಿಲ್ಲ. ಆದರೆ ಗೂಟದಲ್ಲಿ ಎದುರುಮನೆಯ ದಂತವೈದ್ಯರದೊಂದು ತೂಗುತ್ತಿತ್ತು, ತೋಳು ಗಿಡ್ಡ ಮಾಡಲು ಬಂದದ್ದು. ದಂತವೈದ್ಯರ ಮೈಯಲ್ಲಿ ಇಬ್ಬರು ಪಟ್ಟಿ ಸಾಹೇಬರು ಆರಾಮಾಗಿ ಕೂರಬಹುದು. ಹಾಗಾಗಿ ಕೋಟನ್ನು ಬೆನ್ನ ಹಿಂದೆ ಮಡಚಿ ಆರು ಗುಂಡುಪಿನ್ನು ಚುಚ್ಚಿದ್ದಾಯಿತು. ಆರನೆಯದು ಕೋಟನ್ನು ದಾಟಿ ಒಳಗೂ ಹೋಯಿತು. ಅದೇ ಕ್ಷಣಕ್ಕೆ ಫೋಟೋ ಬಿತ್ತು.

"ಆಹಾ! ಮುಖದಲ್ಲಿ ಎಂಥಾ ಗಾಂಭೀರ್ಯ ಭಾವ! ಲೋಕದ ಭಾರನೆಲ್ಲ ಹೊತ್ತ ಹಾಗಿದೆ."

"ಪಿನ್ನು ತೆಗಿಯೋ ಮಾರಾಯ."

ಮುಂದಿನದು ಹೆಸರಿನ ಕೆಳಗಿನ ಸಾಲು. ಸಾಹೇಬರು 'ಸ್ಟೋರ್ ಕೀಪರ್' ಎಂದು ಬರೆದು ಪಕ್ಕದಲ್ಲಿ ಒಂದು ಚುಕ್ಕಿಯನ್ನೂ ಇಟ್ಟಿದ್ದರು. ಗುರು ಅದನ್ನು ನೋಡಿ, ಚಿಕ್ಕ ಮಕ್ಕಳು ಗೋಡೆಗೆ ಗೀಚಿದ್ದನ್ನು ಒರೆಸುವ ಹಾಗೆ ಒರೆಸಿಹಾಕಿದ. ಅದರ ಜಾಗದಲ್ಲಿ ಪ್ರತಿಷ್ಠಾಪನೆಯಾದದ್ದು: 'ದಾಸ್ತಾನು ಜಗತ್ತಿನ ದಾರ್ಶನಿಕ ನಾಯಕ, ಪರಿವರ್ತನೆಯ ಹರಿಕಾರ.'

"ದಾರ್ಶನಿಕ ಅಂದ್ರೆ ಏನೋ?"

"ದೂರದ್ದು ಕಾಣೋನು ಭಾವ."

"ಅದು ನಿಜಾನೇ," ಎಂದಳು ಹೆಂಡತಿ ಬಾಯಲ್ಲಿ ದಾರ ಕಚ್ಚಿಕೊಂಡು. "ಇವರಿಗೆ ಹತ್ತಿರದ್ದೇ ಕಾಣಲ್ಲ, ಕನ್ನಡಕ ಬೇಕು."

ಆಮೇಲೆ ಅನುಭವದ ಅಂಕಣ. ನಟ್ಟು ಬೋಲ್ಟು ಎಣಿಸಿದ್ದು 'ಲಕ್ಷಾಂತರ ಘಟಕಗಳ ಹರಿವಿನ ಸಮಗ್ರ ನಿರ್ವಹಣೆ' ಆಯಿತು. ಗೋದಾಮಿನ ಇಲಿ ಓಡಿಸಿದ್ದು 'ಆಂತರಿಕ ಬೆದರಿಕೆಗಳ ನಿಯಂತ್ರಣ'. ಕೈಕೆಳಗಿದ್ದ ಇಬ್ಬರು (ಅವರಲ್ಲೊಬ್ಬ ಸದಾ ರಜೆಯಲ್ಲಿರುತ್ತಿದ್ದ) 'ವೈವಿಧ್ಯಮಯ ತಂಡ'ವಾಗಿ ಬಡ್ತಿ ಪಡೆದರು. ಕೌಶಲಗಳ ಸಾಲಿಗೆ ಗುರು ಒಂದಾದ ಮೇಲೊಂದು ಒತ್ತುತ್ತಾ ಹೋದ: ಸಂಧಾನ, ಸ್ಫೂರ್ತಿ, ಸೃಜನಶೀಲತೆ, ಸಂಕಷ್ಟ ನಿರ್ವಹಣೆ.

ಸಾಹೇಬರ ಹಣೆಯಲ್ಲಿ ಬೆವರು ಒಡೆಯಿತು. "ಲೋ, ಇದಕ್ಕೆಲ್ಲ ವೋಚರ್ ಎಲ್ಲಿದೆಯೋ? ಬಂದಿರದ ಮಾಲನ್ನ ಬಂದಿದೆ ಅಂತ ಬರೆದ ಹಾಗಾಯ್ತಲ್ಲೋ ಇದು!"

"ಎಲ್ಲರೂ ಹಂಗೇ ಬರಿಯೋದು ಭಾವ. ಓದೋರಿಗೂ ಗೊತ್ತಿರತ್ತೆ. ನೀವು ನಿಜ ಬರೆದ್ರೆ ಅದರಲ್ಲೂ ಅರ್ಧ ಕಳೆದು ಓದ್ತಾರೆ, ಆಗ ನೀವು ಅರ್ಧ ಸ್ಟೋರ್ ಕೀಪರ್ ಆಗಿಬಿಡ್ತೀರಿ."

ಈ ಗಣಿತದ ಮುಂದೆ ಸಾಹೇಬರ ಇಪ್ಪತ್ತಮೂರು ವರ್ಷದ ಲೆಕ್ಕ ಸೋತಿತು.

ಪ್ರೊಫೈಲು ಲೋಕಾರ್ಪಣೆಯಾದ ಅರ್ಧ ಗಂಟೆಗೇ ಮೊದಲ ಸಂದೇಶ ಬಂತು. ಸಾಹೇಬರು ಕನ್ನಡಕ ಏರಿಸಿ ತೆರೆದರು. ದಂತವೈದ್ಯರು ಬರೆದಿದ್ದರು: 'ಅಭಿನಂದನೆಗಳು. ಅದು ನನ್ನ ಕೋಟಲ್ಲವೇ?'

ಮೂರು ವಾರ ಕಳೆಯಿತು. ದಿನವೂ ಏನಾದರೊಂದು ಬರೆದು ಹಾಕುತ್ತಿರಬೇಕೆಂದು ಗುರುವಿನ ಅಪ್ಪಣೆಯಾಗಿತ್ತು. ಇಲ್ಲದಿದ್ದರೆ ಪ್ರೊಫೈಲು ಬಾಡುತ್ತದಂತೆ. ಸಾಹೇಬರು 'ಒಂದು ಪುಟ್ಟ ತಿರುಪು ನನಗೆ ಕಲಿಸಿದ ನಾಯಕತ್ವದ ಪಾಠ' ಎಂದು ಬರೆದರು. ಹೆಂಡತಿ ಅದನ್ನು ಓದಿ, "ಸ್ನಾನದಮನೆ ಚಿಲಕದ ತಿರುಪು ಬಿಗಿ ಮಾಡಿ ಅಂತ ಬಾಯಿ ಬಡ್ಕೊಳ್ತಿದೀನಿ. ಅದು ಏನೂ ಕಲಿಸ್ಲಿಲ್ವಾ?" ಎಂದಳು. ಅರವತ್ತನಾಲ್ಕು ಜನ ಸಂಪರ್ಕಕ್ಕೆ ಬಂದರು. ಅರವತ್ತನಾಲ್ಕು ಜನವೂ ದಾರ್ಶನಿಕರು, ಅರವತ್ತನಾಲ್ಕು ಜನಕ್ಕೂ ಕೆಲಸವಿರಲಿಲ್ಲ. ಒಬ್ಬರ ಬರಹವನ್ನೊಬ್ಬರು 'ಅದ್ಭುತ' ಎಂದು ಹೊಗಳುತ್ತಾ ದಿನ ದೂಡುತ್ತಿದ್ದರು.

"ಶಿಫಾರಸು ಇಲ್ಲ ಭಾವ, ಅದೇ ತೊಂದರೆ," ಎಂದು ಗುರು ರೋಗಪತ್ತೆ ಮಾಡಿದ. "ನಿಮ್ಮ ಜೊತೆ ಕೆಲಸ ಮಾಡಿದೋರು ಯಾರಾದ್ರೂ ನಾಲ್ಕು ಒಳ್ಳೆ ಮಾತು ಬರೀಬೇಕು."

ಹಳೆಯ ಮ್ಯಾನೇಜರು ಫೋನ್ ಎತ್ತಲಿಲ್ಲ. ಫೋರ್‌ಮನ್ ಎತ್ತಿದ, "ಒಂದು ಬೇರಿಂಗ್‌ಗೆ ನನ್ನನ್ನ ಮೂರು ಸಲ ತಿರುಗಿಸಿದ್ದು ನೆನಪಿದೆಯಾ ಸಾಹೇಬ್ರೇ?" ಎಂದು ಕೇಳಿ ಇಟ್ಟುಬಿಟ್ಟ. ಸುತ್ತಿ ಸುತ್ತಿ ಇಬ್ಬರ ಕಣ್ಣೂ ಒಳಕೋಣೆಯ ಮೇಲೆ ಬಿತ್ತು.

"ನೋಡೇ," ಎಂದು ಸಾಹೇಬರು ದನಿಗೆ ಬೆಣ್ಣೆ ಸವರಿಕೊಂಡರು, "ನಿನ್ನ ಹೆಸರಲ್ಲೂ ಒಂದು ಖಾತೆ ತೆಗೆಯೋಣ. ನನ್ನ ಬಗ್ಗೆ ನಾಲ್ಕು ಸಾಲು ಬರಿ. ಇಗೋ, ನಾನೇ ಬರೆದಿಟ್ಟಿದೀನಿ, ಹಾಗೇ ಇಳಿಸಿದ್ರೆ ಸಾಕು."

ಅವಳು ಓದಿದಳು. "'ಇವರ ಸಾನ್ನಿಧ್ಯವೇ ಒಂದು ಪ್ರೇರಣೆ.' ಏನ್ರೀ, ಇದು ಯಾರ ಬಗ್ಗೆ?"

"ನನ್ನ ಬಗ್ಗೇನೇ ಕಣೇ!"

"ಇದೆಲ್ಲ ನನಗೆ ಬಾಯಿಗೆ ಬರಲ್ಲ. ಬರೀಬೇಕು ಅಂದ್ರೆ ನನ್ನ ಮಾತಲ್ಲೇ ಬರೀತೀನಿ. ಬೇಡ ಅಂದ್ರೆ ಬಿಡಿ."

ಬಿಡುವ ಸ್ಥಿತಿಯಲ್ಲಿ ಸಾಹೇಬರಿರಲಿಲ್ಲ. ಮಧ್ಯಾಹ್ನ ಎರಡು ಪ್ಯಾಂಟುಗಳ ನಡುವೆ ಸಿಕ್ಕ ಬಿಡುವಿನಲ್ಲಿ ಅವಳು ಒಂದೇ ಬೆರಳಿನಲ್ಲಿ ಟಕಟಕ ಒತ್ತಿದಳು. ಫೋನು ಸದ್ದು ಮಾಡಿತು. ಕನ್ನಡಕ ಎಲ್ಲಿಟ್ಟಿದ್ದರೋ, ಸಾಹೇಬರಿಗೆ ಕಂಡದ್ದು ಉದ್ದನೆಯ ಬರಹ ಮತ್ತು ಕೆಳಗೊಂದು 'ಸ್ವೀಕರಿಸಿ' ಎಂಬ ಗುಂಡಿ. ಇಷ್ಟುದ್ದ ಹೊಗಳಿದ್ದಾಳಲ್ಲ ಎಂದು ಹಿಗ್ಗಿದರು. ಒತ್ತಿದರು.

ಸಂಜೆ ಭಾವಮೈದ ಓಡೋಡಿ ಬಂದ. "ಭಾವ, ಅಕ್ಕ ಬರೆದಿದ್ದನ್ನ ಓದಿದ್ರಾ?"

ಕನ್ನಡಕ ಹುಡುಕಿ ಓದಿದರು.

'ಇವರು ನನ್ನ ಗಂಡ. ಇಪ್ಪತ್ತಾರು ವರ್ಷದಿಂದ ನೋಡುತ್ತಿದ್ದೇನೆ. ಮೇಲಿರುವುದನ್ನು ಇವರು ಬರೆದಿಲ್ಲ, ನನ್ನ ತಮ್ಮ ಬರೆದದ್ದು. ಇವರು ದಾರ್ಶನಿಕರಲ್ಲ. ಹೊಸದು ಅಂದರೆ ಇವರಿಗೆ ಆಗುವುದಿಲ್ಲ. ಮನೆಯಲ್ಲಿ ಒಂದು ಗುಂಡಿ ಬೇಕೆಂದರೂ ಚೀಟಿ ಕೊಡು ಅನ್ನುತ್ತಾರೆ. ಹೋದ ತಿಂಗಳು ನನ್ನ ಸೂಜಿಯೊಂದು ಕಳೆದಾಗ ಮಂಚ, ಬೀರು ಎಲ್ಲ ಸರಿಸಿ ಎರಡು ದಿನ ಹುಡುಕಿದರು. ಸಿಕ್ಕಿತು. ಕಾರ್ಖಾನೆಯ ಮಾಲೀಕರ ಅಳಿಯ ಚೀಟಿಯಿಲ್ಲದೆ ಒಂದು ಫ್ಯಾನು ಒಯ್ಯಲು ಬಂದಾಗ ಬಾಗಿಲಿಗೆ ಅಡ್ಡ ನಿಂತರು, ಬಡ್ತಿ ಹೋಯಿತು. ಅದನ್ನು ಯಾರಿಗೂ ಹೇಳಿಕೊಂಡಿಲ್ಲ. ಇಂಥವರನ್ನು ದಿನವಿಡೀ ಮನೆಯಲ್ಲಿ ಇಟ್ಟುಕೊಳ್ಳುವುದು ಕಷ್ಟ. ಯಾರಾದರೂ ದಯವಿಟ್ಟು ಬೆಳಗ್ಗೆಯಿಂದ ಸಂಜೆಯ ತನಕ ಕರೆದುಕೊಳ್ಳಿ.'

ಸಾಹೇಬರ ಮುಖ ಕಾದ ಇಸ್ತ್ರಿಪೆಟ್ಟಿಗೆಯಾಯಿತು. "ಇದು ಶಿಫಾರಸೇನೇ? ಹರಾಜು ಕಣೇ ಇದು! ಊರ ಮುಂದೆ ಮಾನ ತೆಗೆದುಬಿಟ್ಟೆಯಲ್ಲ!"

"ಸುಳ್ಳು ಏನು ಬರೆದಿದೀನಿ, ತೋರ್ಸಿ."

ಸಾಹೇಬರು ಮೊದಲಿನಿಂದ ಇನ್ನೊಮ್ಮೆ ಓದಿದರು. ಸಿಟ್ಟು ಇನ್ನಷ್ಟು ಏರಿತು. ಅಳಿಸಲು ಹೋದರೆ ಭಾವಮೈದ ಕೈ ಹಿಡಿದುಕೊಂಡ. "ಮುಟ್ಬೇಡಿ ಭಾವ! ಮುನ್ನೂರು ಜನ ಓದಿದಾರೆ. ನಿಮ್ಮ ನಾಯಕತ್ವದ ಪಾಠ ಓದಿದ್ದು ನಾಲ್ಕೇ ಜನ, ಅದರಲ್ಲಿ ಮೂರು ಸಲ ನಾನೇ."

ಎರಡು ದಿನ ಸಾಹೇಬರು ಹೆಂಡತಿಯೊಡನೆ ಮಾತು ಬಿಟ್ಟರು. ಬೇಕಾದ್ದನ್ನು ಚೀಟಿಯಲ್ಲಿ ಬರೆದು ಯಂತ್ರದ ಪಕ್ಕ ಇಡುತ್ತಿದ್ದರು: 'ಟವೆಲು, ಒಂದು.' ಅವಳು ಅದೇ ಚೀಟಿಯ ಹಿಂದೆ 'ದಾಸ್ತಾನಿಲ್ಲ' ಎಂದು ಬರೆದು ವಾಪಸು ಕಳಿಸುತ್ತಿದ್ದಳು.

ಮೂರನೆಯ ದಿನ ಫೋನ್ ಬಂತು. ಒಂದು ದೊಡ್ಡ ಆಸ್ಪತ್ರೆಯಿಂದ. ನಾಳೆ ಹತ್ತಕ್ಕೆ ಬರುತ್ತೀರಾ?

ಸಾಹೇಬರು ಇಡೀ ಸಂಜೆ ಕನ್ನಡಿಯ ಮುಂದೆ ದಾರ್ಶನಿಕತೆಯನ್ನು ಅಭ್ಯಾಸ ಮಾಡಿದರು. ಮರುದಿನ ಹೊರಡುವಾಗ ಹೆಂಡತಿ ಅವರ ಅಂಗಿಯ ತೋಳಿನಲ್ಲಿ ನೇತಾಡುತ್ತಿದ್ದ ಗುಂಡಿಯನ್ನು ಮೈಮೇಲೇ ಹೊಲಿದು, ದಾರವನ್ನು ಹಲ್ಲಿನಿಂದ ಕಡಿದಳು. ಚೀಟಿ ಕೇಳಲಿಲ್ಲ, ಇವರೂ ಬರೆಯಲಿಲ್ಲ.

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಸ್ಟೋರು. ಬಾಗಿಲವರೆಗೂ ಹತ್ತಿಯ ಉರುಳೆ, ಕೈಗವಸಿನ ಪೆಟ್ಟಿಗೆ, ಹಾಸಿಗೆ ಬಟ್ಟೆಯ ಗಂಟು. ಅದರ ನಡುವೆ ಆಡಳಿತ ನೋಡಿಕೊಳ್ಳುವ ಹೆಂಗಸು, ಮುಂದೆ ಹರಿದ ರಿಜಿಸ್ಟರು. ಸಾಹೇಬರ ಕಣ್ಣು ಆ ರಿಜಿಸ್ಟರಿನ ಹರಿದ ಹಾಳೆಗಳನ್ನು ಎಣಿಸತೊಡಗಿತು.

"ದಾಸ್ತಾನು ಜಗತ್ತಿನಲ್ಲಿ ನನ್ನ ದೃಷ್ಟಿಕೋನ ಏನೆಂದರೆ..." ಎಂದು ಶುರುಮಾಡಿದರು.

"ಅದು ಬೇಡ," ಎಂದರು ಆಕೆ. "ದಾರ್ಶನಿಕರು ಈ ವರ್ಷ ಇಬ್ಬರು ಬಂದು ಹೋದ್ರು. ಕೈಗವಸು ಎಲ್ಲಿ ಹೋಗ್ತಿದೆ ಅಂತ ಇಬ್ಬರಿಗೂ ಕಾಣಲಿಲ್ಲ. ಆ ಸೂಜಿ ಎಲ್ಲಿ ಸಿಕ್ತು?"

"ಯಾವ... ಓ." ಸಾಹೇಬರ ಕಿವಿ ಕೆಂಪಾಯಿತು. "ನನ್ನ ಅಂಗಿ ಕಾಲರ್‌ನಲ್ಲೇ ಇತ್ತು ಮೇಡಂ."

ಆಕೆ ನಗಲಿಲ್ಲ, ಬರೆದುಕೊಂಡರು. "ಸರಿ. ಆಪರೇಷನ್ ನಡೀತಿದೆ. ಡಾಕ್ಟರು ಚೀಟಿ ಇಲ್ದೆ ಕೈಗವಸು ಬೇಕು ಅಂತಾರೆ. ಕೊಡ್ತೀರಾ?"

ಕಂಠಪಾಠ ಮಾಡಿದ್ದೆಲ್ಲ ಮರೆತುಹೋಯಿತು. "ರೋಗಿ ಮೇಜಿನ ಮೇಲಿದ್ರೆ ಓಡಿಹೋಗಿ ಕೊಡ್ತೀನಿ ಮೇಡಂ. ಆಪರೇಷನ್ ಮುಗಿದು ಡಾಕ್ಟರು ಹೊರಗೆ ಬರೋವಾಗ ಬಾಗಿಲಲ್ಲಿ ಚೀಟಿ, ಪೆನ್ನು ಹಿಡ್ಕೊಂಡು ನಿಂತಿರ್ತೀನಿ."

ಆಕೆ ರಿಜಿಸ್ಟರನ್ನು ಅವರತ್ತ ತಳ್ಳಿದರು. "ಸೋಮವಾರ ಬನ್ನಿ. ಮೂರು ತಿಂಗಳು ಪರೀಕ್ಷೆ. ಆಮೇಲೆ ಖಾಯಂ."

ಅಂದು ಸಾಹೇಬರು ಹಿಂದಿನ ಗಲ್ಲಿ ಬಿಟ್ಟು ಮುಖ್ಯ ಬೀದಿಯಲ್ಲೇ, ಅದೂ ಎರಡು ಸಲ, ನಡೆದರು. ಪರಿಚಯದವರು ಒಬ್ಬರೂ ಸಿಗಲಿಲ್ಲ. ಮನೆ ಸೇರಿದವರೇ ಎದೆಯುಬ್ಬಿಸಿ ಘೋಷಿಸಿದರು: "ಸಿಕ್ತು ಕಣೇ! ನನ್ನ ಮಾತಿನ ವೈಖರಿ ನೋಡಿ ದಂಗಾಗಿಬಿಟ್ರು."

ಯಂತ್ರ ನಿಂತಿತು. ಹೆಂಡತಿ ಕಣ್ಣಿಗೇನೋ ಬಿತ್ತೆಂದು ಸೆರಗಿನಲ್ಲಿ ಒರೆಸಿಕೊಂಡಳು. ಆಮೇಲೆ ತನ್ನ ಫೋನನ್ನು ಮುಂದೆ ಹಿಡಿದಳು.

"ಆ ಮೇಡಂ ನನಗೂ ಬರೆದಿದಾರೆ. 'ನಿಮ್ಮ ಶಿಫಾರಸು ಓದಿಯೇ ಕರೆಸಿದೆವು. ಮೂರು ತಿಂಗಳಾದ ಮೇಲೆ ಇನ್ನೊಂದು ಕಳಿಸಿ. ಖಾಯಂ ಮಾಡುವುದು ಅದರ ಮೇಲೆ.' ಇದನ್ನ ನಿಮಗೆ ಹೇಳ್ಲಿಲ್ವಾ?"

ಸಾಹೇಬರು ಸೋಫಾದ ಮೇಲೆ ಕುಸಿದರು. ಅವಳು ಗಿರಾಕಿಗಳ ಅಳತೆ ಬರೆಯುವ ಪುಸ್ತಕದಲ್ಲಿ ಒಂದು ಹೊಸ ಪುಟ ತೆರೆದು, ಮೇಲೆ ತಾರೀಖು ಹಾಕಿ, ಕೆಳಗೆ ಗೆರೆ ಎಳೆದಳು.

"ಏನದು?" ಎಂದರು ಸಾಹೇಬರು ಕ್ಷೀಣವಾಗಿ.

"ಮೂರು ತಿಂಗಳಾದ ಮೇಲೆ ಎಲ್ಲ ನೆನಪಿರತ್ತಾ? ಆಗಾಗ ಬರೆದಿಟ್ಕೊಳ್ತೀನಿ," ಎಂದು ಅವಳು ಗಟ್ಟಿಯಾಗಿ ಓದುತ್ತಾ ಬರೆಯತೊಡಗಿದಳು. "ಒಂದು. ಒಳಗೆ ಬಂದವರೇ ಚಪ್ಪಲಿಯನ್ನು ನಡುಮನೆಯಲ್ಲೇ ಬಿಟ್ಟರು."

ಪಟ್ಟಿ ಸಾಹೇಬರು ಎದ್ದುಹೋಗಿ ಚಪ್ಪಲಿಗಳನ್ನು ಬಾಗಿಲ ಪಕ್ಕ ಜೋಡಿಸಿಟ್ಟರು.

"ಎರಡು," ಎಂದಳು ಹೆಂಡತಿ.